ಬೆಂಗಳೂರಿನ ಚಳಿಗಾಲದ ಬೆಳ್ಳೂರು ಮೂಲ

ಕಾರ್ತಿಕ ಬಂತೆಂದರೆ ಬೆಂಗಳೂರಿನ ಚಳಿಗಾಲದಲ್ಲಿ ನೋಡತಕ್ಕ ನೋಟಗಳ ಪಟ್ಟಿ ಪ್ರತಿ ವರ್ಷವೂ ಪತ್ರಿಕೆಗಳಲ್ಲಿ ಮೊಳೆಯುತ್ತದೆ. ಬಸವನಗುಡಿಯ ಕಡಲೆಕಾಯಿ ಪರಿಷೆ, ವಿಶ್ವೇಶ್ವರಪುರದ ಅವರೆಬೇಳೆ ಮೇಳ, ಕುಮಾರಕೃಪಾ ರಸ್ತೆಯ ಚಿತ್ರಸಂತೆ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ. ಪಟ್ಟಿ ತಪ್ಪಲ್ಲ, ವಿಳಾಸ ತಪ್ಪು. ಇವು ಬೆಂಗಳೂರಿನಲ್ಲಿ ನಡೆಯುತ್ತವೆ, ಆದ್ದರಿಂದ ಬೆಂಗಳೂರಿನವು ಎನ್ನುವುದು, ಮದುವೆ ಛತ್ರದಲ್ಲಾಯಿತು, ಆದ್ದರಿಂದ ಹೆಣ್ಣು ಛತ್ರದವಳು ಎಂದ ಹಾಗೆ. ಈ ಪ್ರಬಂಧದ ಪ್ರತಿಜ್ಞೆ ಇಷ್ಟು: ಬೆಂಗಳೂರಿಗೆ ಸ್ವಂತದ್ದೊಂದು ಚಳಿಗಾಲವಿಲ್ಲ. ಅಲ್ಲಿ ಡಿಸೆಂಬರಿನಿಂದ ಸಂಕ್ರಾಂತಿಯ ಆಚೆಯವರೆಗೆ ಕಾಣಿಸಿಕೊಳ್ಳುವುದು ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಸೀಮೆಯಲ್ಲಿ ಹುಟ್ಟಿ, ಹೊಲದಲ್ಲಿ ಬಲಿತು, ಬೆಳ್ಳೂರು ಕ್ರಾಸ್‌ನಲ್ಲಿ ಕೆಂಪು ಬಸ್ಸು ಹತ್ತಿ, ಸುಮಾರು 100 ಕಿಲೋಮೀಟರ್ ನಿಂತೇ ಪ್ರಯಾಣ ಮಾಡಿ ಇಳಿದ ಚಳಿಗಾಲ.

ಶಾಸ್ತ್ರವೆಂದಮೇಲೆ ಮೊದಲು ಲಕ್ಷಣ ಹೇಳಬೇಕು. ಸ್ವೆಟರ್ ಹಾಕಿಸುವ ಕಾಲವೇ ಚಳಿಗಾಲ ಎಂದು ನಗರವಾಸಿಗಳ ಲಕ್ಷಣ. ಇದರಲ್ಲಿ ಅತಿವ್ಯಾಪ್ತಿಯೂ ಉಂಟು, ಅವ್ಯಾಪ್ತಿಯೂ ಉಂಟು. ಆಷಾಢದ ಜಿಟಿಜಿಟಿ ಮಳೆಗೇ ಬೆಂಗಳೂರಿನವರು ಸ್ವೆಟರ್ ತೆಗೆಯುವುದರಿಂದ ಲಕ್ಷಣ ಜುಲೈಗೂ ಹೋಗಿ ಕೂರುತ್ತದೆ. ಬೆಳ್ಳೂರಿನಲ್ಲಿ ಕೊರೆಯುವ ಮಾಗಿಯಲ್ಲೂ ತಲೆಗೆ ಟವೆಲ್ ಸುತ್ತಿ ಮೇಲೊಂದು ಕಂಬಳಿ ಎಳೆದುಕೊಂಡರೆ ಮುಗಿಯಿತಾದ್ದರಿಂದ ನಿಜವಾದ ಚಳಿಗೆ ಅದು ತಲುಪುವುದೇ ಇಲ್ಲ. ಆದಕಾರಣ ದೋಷವಿಲ್ಲದ ಲಕ್ಷಣ ಹೀಗಿರತಕ್ಕದ್ದು: ಯಾವ ಕಾಲದಲ್ಲಿ ಅವರೆಕಾಯಿಯ ಸೊಗಡು ಅಡುಗೆಮನೆ ದಾಟಿ ಬೀದಿಗೆ ಬರುತ್ತದೋ ಅದು ಚಳಿಗಾಲ. ಇದು ಮೂಗಿನಿಂದಲೇ ಸಿದ್ಧವಾಗುವ ಲಕ್ಷಣವಾದ್ದರಿಂದ ನೆಗಡಿಯಾದವರು ಆಕ್ಷೇಪಿಸುವಂತಿಲ್ಲ.

ಪ್ರಮಾಣಗಳಲ್ಲಿ ಶಬ್ದವನ್ನು ಮೊದಲು ತೆಗೆದುಕೊಳ್ಳೋಣ. ಹೊಯ್ಸಳ ಮೂರನೇ ನರಸಿಂಹನ ದಂಡನಾಯಕ ಪೆರುಮಾಳೆಯ ಕಾಲದಲ್ಲಿ, 13ನೇ ಶತಮಾನದಲ್ಲಿ, ಬೆಳ್ಳೂರು ಅಗ್ರಹಾರವಾಗಿ ಉದ್ಭವ ನರಸಿಂಹಪುರ ಎಂಬ ಹೆಸರು ಪಡೆಯಿತು. ನರಸಿಂಹ ಯಾರೆಂಬುದನ್ನು ಇತಿಹಾಸಕಾರರು ವಿವರಿಸಿದ್ದಾರೆ. ಉದ್ಭವವಾದದ್ದು ಚಳಿ ಎಂಬುದನ್ನು ಮಾತ್ರ ವಿವರಿಸದೆ ಬಿಟ್ಟಿದ್ದಾರೆ. ಬೆಳ್ ಎಂದರೆ ಬಿಳುಪು, ಬೆಳ್ಳೂರೆಂದರೆ ಬಿಳಿಯ ಊರು. ಧನುರ್ಮಾಸದ ಬೆಳಗಿನ ಜಾವ ಆದಿಮಾಧವರಾಯನ ಗುಡಿಯ ಗೋಪುರ ಸಹ ಕಾಣದಷ್ಟು ಮಂಜು ಕವಿದಿರುವಾಗ ಈ ನಿಷ್ಪತ್ತಿಗೆ ಬೇರೆ ಸಾಕ್ಷಿ ಬೇಡ. ಇನ್ನು ವ್ಯಾಕರಣಕ್ಕೆ ಬಂದರೆ, ಬೆಂಗಳೂರು ಎಂಬ ಪದದಿಂದ ಅನುಸ್ವಾರವನ್ನೂ ಗಕಾರವನ್ನೂ ಲೋಪ ಮಾಡಿ ಳಕಾರಕ್ಕೆ ದ್ವಿತ್ವ ಕೊಟ್ಟರೆ ಉಳಿಯುವುದು ಬೆಳ್ಳೂರೇ. ಬಂದವರು ಬೆಳ್ಳೂರಿನವರು, ಸೇರಿಕೊಂಡದ್ದು ಒಂದು ಸೊನ್ನೆ ಮತ್ತು ಒಂದು ಗಲಾಟೆಯ ಗ.

ಆದರೆ ಬೆಂದಕಾಳೂರಿನ ಕಥೆ ಏನಾಯಿತು ಎಂದು ಕೇಳಬಹುದು. ಬೇಟೆಗೆ ಹೋಗಿ ದಾರಿ ತಪ್ಪಿದ ಇಮ್ಮಡಿ ಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ ಐತಿಹ್ಯ ನಮ್ಮ ವಾದಕ್ಕೆ ಎದುರಲ್ಲ, ಊರುಗೋಲು. ದೋರಸಮುದ್ರದಿಂದ ಮೂಡಲಿಗೆ ಹೊರಟ ಅರಸ ಇಂದಿನ ಹೆದ್ದಾರಿಯ ಜಾಡಿನಲ್ಲೇ ಬಂದಿದ್ದರೆ ಬೆಳ್ಳೂರು ಸೀಮೆ ದಾಟಿಯೇ ಬರಬೇಕು. ದಾಟಿದ ಮೇಲೂ ಹಸಿದಿದ್ದನೆಂದರೆ ಇಲ್ಲಿ ಹೊಲದಲ್ಲಿ ಹಸಿ ಅವರೆ ನೋಡಿ ಬಾಯಲ್ಲಿ ನೀರೂರಿಸಿಕೊಂಡೇ ಹೋಗಿದ್ದನೆಂದು ಊಹಿಸುವುದು ನ್ಯಾಯ. ಸುಮಾರು ಕ್ರಿ.ಶ. 890ರ ಬೇಗೂರು ವೀರಗಲ್ಲಿನಲ್ಲೇ ಬೆಂಗಳೂರಿನ ಹೆಸರಿದೆ, ಬಲ್ಲಾಳ ಬಂದದ್ದು ಅದಾದ ಮೇಲೆ ಮುನ್ನೂರು ವರ್ಷಕ್ಕೆ, ಆದ್ದರಿಂದ ಕಥೆ ಸುಳ್ಳು ಎಂದು ಶಾಸನತಜ್ಞರು ಹೇಳುತ್ತಾರೆ. ಇದರಿಂದ ಸಿದ್ಧವಾಗುವುದು ಇಷ್ಟೇ: ಅರಸ ತಡವಾಗಿ ಬಂದ, ಕಾಳು ಮೊದಲೇ ಬೆಂದಿತ್ತು. ಅರಸರು ತಡವಾಗಿ ಬರುವುದು ಲೋಕರೂಢಿ. ಅವರು ಬರುವವರೆಗೆ ಅವರೆ ಕಾಯುವುದಿಲ್ಲ.

ಪ್ರತ್ಯಕ್ಷಕ್ಕೆ ಬರೋಣ. ಬೆಳ್ಳೂರು ಕ್ರಾಸ್ ಎಂಬ ಹೆಸರಿನಲ್ಲೇ ಪುರಾವೆ ಇದೆ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯನ್ನು ಜೇವರ್ಗಿಯಿಂದ ಚಾಮರಾಜನಗರಕ್ಕೆ ಇಳಿಯುವ ಹೆದ್ದಾರಿ ಇಲ್ಲಿ ಅಡ್ಡ ಹಾಯುತ್ತದೆ. ಕಡಲಿನ ಕಡೆಯ ಕರ್ನಾಟಕವೂ ಬಯಲಿನ ಕರ್ನಾಟಕವೂ ಒಂದೇ ಟೀ ಅಂಗಡಿಯ ಮುಂದೆ ಕೈ ಉಜ್ಜಿಕೊಳ್ಳುತ್ತವೆ. 2017ರಲ್ಲಿ ಬೆಂಗಳೂರು–ಹಾಸನ ರೈಲು ಮಾರ್ಗ ಪೂರ್ತಿಯಾದ ಮೇಲೆ ಪಕ್ಕದ ಬಿ.ಜಿ. ನಗರದಲ್ಲಿ ಹಳಿಯ ಸೌಕರ್ಯವೂ ಆಯಿತು. ಪೂರ್ವಸೂರಿಗಳು ಆಪ್ತವಾಕ್ಯವೆಂದದ್ದು ಸತ್ಯವನ್ನೇ ಹೇಳುವವನ ಮಾತನ್ನು. ಹಾಗಾದರೆ ಕಂಡಕ್ಟರನ ಮಾತಿಗಿಂತ ದೊಡ್ಡ ಆಪ್ತವಾಕ್ಯ ಯಾವುದು? “ಬೆಳ್ಳೂರ್ ಕ್ರಾಸ್ ಇಳ್ಯೋರು ಮುಂದ್ಕೆ ಬನ್ನಿ” ಎಂದು ಅವನು ಕೂಗಿದಾಗ ಇಳಿಯುವವರಿಗಿಂತ ಹತ್ತುವವರೇ ಹೆಚ್ಚು, ಹತ್ತುವವರಿಗಿಂತ ಅವರ ಚೀಲಗಳು ಹೆಚ್ಚು. ಆ ಚೀಲಗಳಲ್ಲಿ ಇರುವುದೇ ಬೆಂಗಳೂರಿನ ಚಳಿಗಾಲ. ಬದಲಿಗೆ ಬೆಂಗಳೂರು ಏನೂ ಕೊಡುವುದಿಲ್ಲವೆಂದಲ್ಲ. ಮಾಗಿಯಲ್ಲಿ ಒಳದಾರಿಗಳ ಟಾರಿನ ಮೇಲೆ ಹುರುಳಿ, ರಾಗಿ ಹರವಿರುತ್ತಾರೆ. ಭಾನುವಾರ ಚುಂಚನಗಿರಿಗೂ ಮೇಲುಕೋಟೆಗೂ ಬರುವ ರಾಜಧಾನಿಯ ಕಾರುಗಳು ಅದರ ಮೇಲೆ ಹಾಯ್ದು ಪುಕ್ಕಟೆ ಒಕ್ಕಣೆ ಮಾಡಿ ಹೋಗುತ್ತವೆ. ದ್ವಿಚಕ್ರದವರಿಗೆ ಅಪಾಯ, ಹಾಕಬೇಡಿ ಎಂದು ಎಷ್ಟು ಹೇಳಿದರೂ ಕಣ ಮಾಡುವ ಜಾಗ ಕಡಿಮೆ, ಕಾರು ಜಾಸ್ತಿ.

ಅವರೆಯ ವಿಷಯದಲ್ಲಿ ವಿಜ್ಞಾನವೇ ಪೂರ್ವಪಕ್ಷವಾಗಿ ಎದ್ದು ನಿಂತಿದೆ. ನಾಟಿ ಅವರೆ ಹಗಲು ಮೊಟಕಾದರೆ ಮಾತ್ರ ಹೂ ಬಿಡುವ ಗಿಡ. ಅದಕ್ಕೇ ಚಳಿಯೂ ಕಾಯಿಯೂ ಜೊತೆಯಲ್ಲೇ ಬರುತ್ತವೆ. ಆದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹೊರತಂದ ಹೆಬ್ಬಾಳ ಅವರೆ 3 ಮತ್ತು 4 ತಳಿಗಳಿಗೆ ಹಗಲಿನ ಉದ್ದ ಅಳೆಯುವ ಚಟವಿಲ್ಲ, ವರ್ಷವಿಡೀ ಕಾಯಿ ಬಿಡುತ್ತವೆ. ಹಾಗಾದರೆ ನಮ್ಮ ಲಕ್ಷಣದ ಪ್ರಕಾರ ಬೆಂಗಳೂರಿನಲ್ಲಿ ವರ್ಷವಿಡೀ ಚಳಿಗಾಲ ಇರಬೇಕಲ್ಲ? ಇರಬೇಕಿಲ್ಲ. ಲಕ್ಷಣದಲ್ಲಿ ಹೇಳಿದ್ದು ಅವರೆಕಾಯಿಯನ್ನಲ್ಲ, ಸೊಗಡನ್ನು. ಬೇಸಿಗೆಯ ಅವರೆಯನ್ನು ಸುಲಿದ ಕೈಯನ್ನು ಮೂಸಿ ನೋಡಿದ ಯಾವ ಮಂಡ್ಯ ಸೀಮೆಯವರೂ ಅದನ್ನು ಅವರೆ ಎಂದು ಒಪ್ಪುವುದಿಲ್ಲ. ಇಬ್ಬನಿ ಬಿದ್ದ ಕಾಯಿಗೇ ಸೊಗಡು ಎಂಬುದು ಇಲ್ಲಿನ ನಂಬಿಕೆ, ಮತ್ತು ನಂಬಿಕೆಗೆ ಇತ್ಕಿದ ಬೇಳೆ ಸಾರು ಸಾಕ್ಷಿ. ಹೆಬ್ಬಾಳದವರು ಕಾಯಿಯನ್ನು ಋತುವಿನಿಂದ ಬಿಡಿಸಿದರು, ಸೊಗಡನ್ನು ಇಬ್ಬನಿಯಿಂದ ಬಿಡಿಸಲಾಗಲಿಲ್ಲ.

ಅನುಮಾನ ಪ್ರಮಾಣದಲ್ಲಿ ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇದೆಯೆಂಬುದು ನೈಯಾಯಿಕರ ಹಳೆಯ ಉದಾಹರಣೆ. ಆ ಪಂಡಿತರು ಜನವರಿಯ ಬೆಳಗಿನಲ್ಲಿ ಚುಂಚನಗಿರಿಯನ್ನು ನೋಡಿರಲಿಲ್ಲ. ಅಲ್ಲಿ ಕಾಣುವುದು ಹೊಗೆಯಲ್ಲ, ಮಂಜು. ಆದರೂ ಅನುಮಾನ ಕೆಡುವುದಿಲ್ಲ. ಕೆಳಗೆ ಯಾರಾದರೂ ಸೋಗೆ ಒಟ್ಟಿ ಬೆಂಕಿ ಕಾಯಿಸುತ್ತಿರುತ್ತಾರೆ. ತೆಂಕಲಿಗೆ ಸರಿದು ಪಾಂಡವಪುರ, ಶ್ರೀರಂಗಪಟ್ಟಣದ ನೀರಾವರಿ ಬಯಲಿಗೆ ಬಂದರೆ ಹೊಗೆ ನಿಜವಾದದ್ದು, ಆಲೆಮನೆಯದು. ಅಲ್ಲಿಂದ ಬೆಲ್ಲ. ಸಂಕ್ರಾಂತಿಯ ದಿನ ಬೆಂಗಳೂರಿನ ಹೆಣ್ಣುಮಕ್ಕಳು ರೇಷ್ಮೆ ಲಂಗ ಉಟ್ಟು ಬೀರುವ ತಟ್ಟೆಯನ್ನು ಭಾಗಾಕಾರ ಮಾಡೋಣ: ಬೆಲ್ಲ ಆಲೆಮನೆಯದು, ಕೊಬ್ಬರಿ ತೆಂಗಿನ ತೋಟದ್ದು, ಕಬ್ಬು ನಾಲೆ ಬಯಲಿನದು, ಸಕ್ಕರೆ ಅಚ್ಚಿನ ಸಕ್ಕರೆ 1933ರಲ್ಲಿ ಶುರುವಾದ ಮಂಡ್ಯದ ಮೈಷುಗರ್‌ನಂಥ ಕಾರ್ಖಾನೆಗಳದು. ಎಲ್ಲ ಕಳೆದ ಮೇಲೆ ಶೇಷ ಉಳಿಯುವುದು ಪ್ಲಾಸ್ಟಿಕ್ ಡಬ್ಬಿ. ಅದನ್ನು ಬೆಂಗಳೂರಿಗೆ ಬಿಟ್ಟುಕೊಡಲು ನಮ್ಮ ಅಭ್ಯಂತರವಿಲ್ಲ. ಅದೇ ಸಂಜೆ ಶ್ರೀರಂಗನಾಥನ ಗುಡಿಯಲ್ಲಿ ಲಕ್ಷ ದೀಪ ಬೆಳಗುತ್ತದೆ, ಮಂಡ್ಯದ ಹಳ್ಳಿಗಳಲ್ಲಿ ಮೈ ತೊಳೆದು ಸಿಂಗರಿಸಿದ ರಾಸುಗಳನ್ನು ಕಿಚ್ಚು ಹಾಯಿಸುತ್ತಾರೆ, ಮುಂದೆ ಕೆ.ಆರ್. ಪೇಟೆ ಕಡೆ ಹೇಮಗಿರಿಯಲ್ಲಿ ದನಗಳ ಜಾತ್ರೆ ಕೂಡುತ್ತದೆ.

ಈಗ ಪ್ರತಿವಾದಿಗಳ ಸರದಿ. ಬೆಂಗಳೂರಿಗೆ ಸ್ವಂತ ಚಳಿ ಇತ್ತು, 1884ರ ಜನವರಿ 13ರಂದು ಅಲ್ಲಿ ಉಷ್ಣಾಂಶ 7.8 ಡಿಗ್ರಿಗೆ ಇಳಿದದ್ದು ಇಂದಿಗೂ ದಾಖಲೆ, ಆಗ ಕೆಂಪು ಬಸ್ಸು ಎಲ್ಲಿತ್ತು ಎಂದು ಒಬ್ಬರು ಕೇಳುತ್ತಾರೆ. ಬಸ್ಸಿರಲಿಲ್ಲ, ರೈಲಿತ್ತು. ಪಾಂಡವಪುರ, ಶ್ರೀರಂಗಪಟ್ಟಣಗಳನ್ನು ಹಾಯ್ದು ಹೋಗುವ ಬೆಂಗಳೂರು–ಮೈಸೂರು ಮಾರ್ಗ ಪೂರ್ತಿಯಾದದ್ದು 1882ರಲ್ಲಿ. ಎರಡೇ ವರ್ಷಕ್ಕೆ ಬೆಂಗಳೂರು ಹಿಂದೆಂದೂ ಕಾಣದ ಹಾಗೆ ನಡುಗಿತು. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸಂಬಂಧವಿಲ್ಲ ಎಂದು ಪ್ರತಿವಾದಿ ನಗುವುದಾದರೆ, ಕಾಗೆ ಕೂರುವುದಕ್ಕೆ ಮುಂಚೆ ಆ ಕೊಂಬೆ ಮುರಿದದ್ದನ್ನು ಮೊದಲು ತೋರಿಸಲಿ.

ಎರಡನೆಯ ಪ್ರತಿವಾದಿ ಲಾಲ್‌ಬಾಗಿನ ಗಾಜಿನ ಮನೆಯನ್ನೂ ರಸ್ತೆಗಳ ಅಕ್ಕಪಕ್ಕ ಗುಲಾಬಿ ಬಣ್ಣಕ್ಕೆ ತಿರುಗುವ ಟಬೂಬಿಯಾವನ್ನೂ ತೋರಿಸಿ, ಇವು ಬೆಳ್ಳೂರಿನಿಂದ ಬಂದವೇ ಎನ್ನುತ್ತಾರೆ. ಅಲ್ಲ. 1889ರಲ್ಲಿ ಅಡಿಪಾಯ ಬಿದ್ದ ಗಾಜಿನ ಮನೆಗೆ ಮಾದರಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್. ಟಬೂಬಿಯಾದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ತರ್ಕದಲ್ಲಿ ಇದಕ್ಕೆ ಇಷ್ಟಾಪತ್ತಿ ಎನ್ನುತ್ತಾರೆ, ಎದುರಾಳಿ ಎಸೆದ ಕಲ್ಲು ನಮ್ಮ ಗೋಡೆಗೇ ಒದಗಿ ಬರುವುದು. ನಗರದ ಚಳಿಗಾಲ ಹೊರಗಿನದು ಎಂದು ನಾವು ಹೇಳಿದೆವು; ಇನ್ನೂ ದೂರದ ಹೊರಗಿನದು ಎಂದು ಅವರು ಒಪ್ಪಿದರು. ಇನ್ನು ಶೋಭೆಯ ಮಾತು. ಚುಂಚನಗಿರಿ 1981ರಿಂದ ನವಿಲುಧಾಮ. ಅಲ್ಲಿನ ಗಂಡು ನವಿಲು ಮಳೆಗಾಲ ಮುಗಿಯುತ್ತಲೇ ಗರಿ ಉದುರಿಸಿ, ಚಳಿಯಲ್ಲಿ ಬೋಳುಬಾಲದಲ್ಲಿ, ಸಾಲ ತೀರಿಸಿದ ರೈತನಂತೆ ಹಗುರಾಗಿ ಓಡಾಡುತ್ತದೆ. ಋತುವನ್ನು ನಂಬಿದವರು ಉದುರಿಸುತ್ತಾರೆ, ಪ್ರದರ್ಶನ ನಂಬಿದವರು ಅರಳಿಸುತ್ತಾರೆ.

ಮೂರನೆಯ ಆಕ್ಷೇಪ ಲೆಕ್ಕದ್ದು. ಕಾರ್ತಿಕದ ಕೊನೆಯ ಸೋಮವಾರದ ಪರಿಷೆಗೆ ಕಡಲೆಕಾಯಿ ತಮಿಳುನಾಡು, ಆಂಧ್ರದ ಕಡೆಯಿಂದಲೂ ಬರುತ್ತದೆ, ಅವರೆ ಮಾಗಡಿ, ಕೋಲಾರದ ಕಡೆಯಿಂದ ಬರುತ್ತದೆ, ಬೆಳ್ಳೂರಿನ ಪಾಲು ಎಷ್ಟು? ಅಲಂಕಾರಶಾಸ್ತ್ರ ಓದದವರು ಕೇಳುವ ಪ್ರಶ್ನೆ ಇದು. ಗಂಗೆಯಲ್ಲಿ ಹಟ್ಟಿಯಿದೆ ಎಂದರೆ ನೀರೊಳಗೆ ಹುಡುಕಬಾರದು, ದಡದಲ್ಲಿದೆ ಎಂದು ಲಕ್ಷಣಾರ್ಥ ಹಿಡಿಯಬೇಕು. ಹಾಗೆಯೇ ಬೆಳ್ಳೂರು ಎಂದರೆ ಬೆಂಗಳೂರಿಗೆ ಹೋಗುವ ಬಸ್ಸು ನಿಲ್ಲುವ, ಚೀಲ ಹತ್ತುವ ಊರುಗಳೆಲ್ಲ. ಮಾಗಡಿಯೂ ಬೆಳ್ಳೂರು, ಚಿಂತಾಮಣಿಯೂ ಬೆಳ್ಳೂರು. ಬೇಲೂರು ಮಾತ್ರ ಬೆಳ್ಳೂರಲ್ಲ. ಹಸುವಿನಂತಿರುವುದು ಗವಯ ಎಂಬ ಉಪಮಾನ ನಂಬಿ ಕಾಡಿಗೆ ಹೋದವನ ಹಾಗೆ, ಹೆಸರಿನ ಸಾಮ್ಯ ನಂಬಿ ಇಲ್ಲಿಳಿದು ಚೆನ್ನಕೇಶವನನ್ನು ಕೇಳುವವರಿಗೆ ಆದಿಮಾಧವರಾಯ ಸಿಗುತ್ತಾನೆ. ಅದೂ ಹೊಯ್ಸಳರ ಕಾಲದ್ದೇ, ನೂಕುನುಗ್ಗಲು ಮಾತ್ರ ಕಡಿಮೆ.

ಕೊನೆಯ ಆಕ್ಷೇಪವೇ ಬಲವಾದದ್ದು. ಬೆಳ್ಳೂರಿನಲ್ಲಿ ಚಳಿಗಾಲ ಇದೆ, ಸರಿ, ನೋಡುವವರು ಯಾರು? ಬೆಳಗ್ಗೆ ಆರಕ್ಕೆ ಕ್ಯಾನು ಹಿಡಿದು ಡೇರಿಗೆ ಹೊರಟವನು ಮಂಜು ನೋಡುವುದಿಲ್ಲ, ಮಂಜಿನಲ್ಲಿ ದಾರಿ ನೋಡುತ್ತಾನೆ. ಅವರೆ ಹೂವಿನ ಮೇಲಿನ ಹನಿ ನೋಡುವುದಿಲ್ಲ, ಮೋಡ ಕಟ್ಟಿದರೆ ಕಾಯಿಗೆ ಹುಳ ಬೀಳುತ್ತದಲ್ಲ ಎಂದು ಆಕಾಶ ನೋಡುತ್ತಾನೆ. ಅದೇ ಅವರೆ ಬೆಂಗಳೂರಿನ ಮೇಳದಲ್ಲಿ ದೋಸೆಯಾಗಿ, ಜಿಲೇಬಿಯಾಗಿ, ಐಸ್‌ಕ್ರೀಮೂ ಆಗಿ, ಸಾಲಿನಲ್ಲಿ ನಿಂತು ಜನ ನೋಡುವ ನೋಟವಾಗುತ್ತದೆ. ಚಳಿ ಬೆಳ್ಳೂರಿನದಾದರೂ “ಅಬ್ಬಾ, ಏನು ಚಳಿ” ಎಂದು ಬೆರಗಾಗುವ ಬಾಯಿ ಬೆಂಗಳೂರಿನದಲ್ಲವೆ? ಇಷ್ಟನ್ನು ಒಪ್ಪಿ ಪ್ರಬಂಧ ಮುಗಿಸಬಹುದಿತ್ತು. ಆದರೆ ಸಂಕ್ರಾಂತಿಯ ಹಿಂದಿನ ರಾತ್ರಿ ಬೆಂಗಳೂರಿನಿಂದ ಹೊರಟ ಬಸ್ಸುಗಳನ್ನು ಪರೀಕ್ಷಿಸಿದರೆ ಆ ಬಾಯಿಗಳೂ ನಿದ್ದೆಗಣ್ಣಿನಲ್ಲಿ ಬೆಳ್ಳೂರು ಕ್ರಾಸ್‌ನಲ್ಲೇ ಇಳಿಯುತ್ತವೆ. ಯಾವುದೋ ಒಂದು ವರ್ಷ ಅವರೆ ಚೀಲದ ಪಕ್ಕದಲ್ಲೇ ನಿಂತು ಹೋದ ಬಾಯಿಗಳು ಅವು. ಹೊಲದಲ್ಲಿದ್ದಾಗ ನೋಡಲು ಪುರುಸೊತ್ತಿರಲಿಲ್ಲ, ಬಿಟ್ಟು ಹೋದ ಮೇಲೆ ನೋಟವಾಯಿತು, ಅಷ್ಟೆ. ಆದ್ದರಿಂದ ಸಿದ್ಧಾಂತ: ಹೆಣ್ಣೂ ನಮ್ಮದು, ಗಂಡೂ ನಮ್ಮದು, ಊಟಕ್ಕೆ ಕೂತವರೂ ನಮ್ಮೂರವರೇ. ಬೆಂಗಳೂರಿನದೆಂದು ಉಳಿಯುವುದು ಛತ್ರದ ಬಾಡಿಗೆಯೊಂದೇ. ಅದಕ್ಕೂ ಹತ್ತು ತಿಂಗಳ ಅಡ್ವಾನ್ಸು ಮೊದಲೇ ಇಸಿದುಕೊಂಡಿದ್ದಾರೆ.