ಪಿನ್ ಕಾಕಾ

ಬೀದರಿನ ಯಾವ ಗಲ್ಲಿಗೇ ಹೋಗಿ, ಒಬ್ಬ ಪಿನ್ ಕಾಕಾ ಇದ್ದೇ ಇರುತ್ತಾರೆ. ಹೆತ್ತವರು ಇಟ್ಟ ಹೆಸರು ಬೇರೆ, ಅದೀಗ ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ವಯಸ್ಸು ಅರವತ್ತರ ಆಚೀಚೆ. ಯಾವುದೋ ಇಲಾಖೆಯಿಂದ ನಿವೃತ್ತಿ. ಅಂಗಿಯ ಜೇಬಿನಲ್ಲಿ ಒಂದು ಪೆನ್ನು, ಪಕ್ಕದಲ್ಲಿ ಒಂದು ಟೆಸ್ಟರು. ಪೆನ್ನು ಮೂಡುವುದಿಲ್ಲ, ಟೆಸ್ಟರು ಹೊತ್ತುವುದಿಲ್ಲ. ಆದರೂ ಅವೆರಡೂ ಇಲ್ಲದೆ ಕಾಕಾ ಮನೆಯ ಹೊಸ್ತಿಲು ದಾಟಿದ್ದಿಲ್ಲ.

ಕರೆಂಟಿನ ವಿಷಯದಲ್ಲಿ ಕಾಕಾನ ಸಿದ್ಧಾಂತ ಒಂದೇ ಸಾಲಿನದು: “ಪಿನ್ ಕುಂತ್ರ ಮುಗೀತು.”

ಪಿನ್ ಕೂತಿತೆಂದರೆ ವೋಲ್ಟೂ ಕೂತಿತು, ಆಂಪಿಯರೂ ಕೂತಿತು. ಪ್ಲಸ್ಸು ಮೈನಸ್ಸುಗಳು ಒಳಗೊಳಗೇ ಮಾತಾಡಿಕೊಂಡು ರಾಜಿಗೆ ಬರುತ್ತವೆ. ಪಿನ್ ಕೂರದೇ ಹೋದರೆ ಅದಕ್ಕೂ ದಾರಿ ಇದೆ. ತುದಿ ಕತ್ತರಿಸುವುದು, ವೈರನ್ನು ಹಲ್ಲಿನಿಂದ ಸುಲಿಯುವುದು, ಕೆಂಪಿಗೆ ಕೆಂಪು, ಕರಿಗೆ ಕರಿ ತಿರುವಿ ಟೇಪು ಸುತ್ತುವುದು. ಎರಡೂ ಕರಿಯೇ ಇದ್ದರೆ? “ಅಮರೇಶ್ವರ ಇದ್ದಾನಲ್ಲಾ!” ಎಂದು ಔರಾದ್ ದಿಕ್ಕಿಗೆ ಕೈಮುಗಿದು ಸ್ವಿಚ್ ಒತ್ತುವುದು.

ಕಾಕಾನ ಮಂಚದ ಕೆಳಗೆ ಒಂದು ಬಿಸ್ಕತ್ತಿನ ತಗಡಿನ ಡಬ್ಬಿ. ಅದರೊಳಗೆ ಮೂರು ದಶಕದ ಅಡಾಪ್ಟರುಗಳು. ಸಣ್ಣ ಪಿನ್ನಿನ ಹಳೆಯ ಮೊಬೈಲಿನದು, ಕಾರ್ಡ್‌ಲೆಸ್ ಫೋನಿನದು, ಡಿಶ್ಶಿನ ಡಬ್ಬಿಯದು, ಟೇಪ್ ರೆಕಾರ್ಡರಿನ ಕಾಲದ ಎಲಿಮಿನೇಟರ್. ಸಾಮಾನುಗಳೆಲ್ಲ ಎಂದೋ ಗುಜರಿಗೆ ಹೋದವು, ಅಡಾಪ್ಟರುಗಳು ಉಳಿದವು. ಎಲಿಮಿನೇಟರ್ ಮೇಲೆ ಕಾಕಾನಿಗೆ ವಿಶೇಷ ಮಮತೆ. “ತೂಕ ನೋಡು ಹ್ಯಾಂಗದ! ಈಗಿನ ಮಾಲಿನ್ಯಾಗ ಏನದ, ಬರೇ ಹವಾ.” ತೂಕ ಇರುವುದು ಖರೆ. ಒಳಗೆ ಕಬ್ಬಿಣ-ತಾಮ್ರದ ಟ್ರಾನ್ಸ್‌ಫಾರ್ಮರ್ ಕೂತಿದೆ. ಆದರೆ ಮೇಲೆ 12 ವೋಲ್ಟ್ ಎಂದು ಬರೆದುಕೊಂಡ ಆ ಹಳೆಯ ಮಾಲು, ಮುಂದೆ ಹೊರೆ ಇಲ್ಲದಾಗ 16, 17 ವೋಲ್ಟು ಕೊಟ್ಟು ಕೂರುತ್ತದೆ. ಅಂದಿನ ಟೇಪ್ ರೆಕಾರ್ಡರು ಅದನ್ನು ತಡೆದುಕೊಂಡಿತು. ಇಂದಿನ ಸೂಕ್ಷ್ಮ ಸಾಮಾನು ತಡೆಯುವುದಿಲ್ಲ.

ಇಂಥ ಕಾಕಾ ಎಲ್ಲ ವಿಷಯದಲ್ಲೂ ಹೀಗೇ ಎಂದುಕೊಂಡರೆ ತಪ್ಪಾದೀತು. ಔರಾದ್ ಕಡೆ ಅವರಿಗೆ ಹೊಲವಿದೆ. ದನದ ಸಂತೆಯಲ್ಲಿ ಅವರನ್ನು ನೋಡಬೇಕು. ದೇವಣಿ ತಳಿಯ ಎತ್ತು ಇಪ್ಪತ್ತು ಮಾರು ದೂರ ಇರುವಾಗಲೇ “ಇದು ವಾನ್ನೇರಾ, ಮಾರಿ ಅಷ್ಟೇ ಕರಿ. ಅದು ಬಾಳಂಕ್ಯಾ, ಪೂರಾ ಬಿಳಿ. ಆಕಡಿದು ಶೇವೇರಾ, ಮೈಮ್ಯಾಲ ಕರಿ ಮಚ್ಚಿ ಅವ” ಎಂದು ವಿಂಗಡಿಸುತ್ತಾರೆ. ಹತ್ತಿರ ಹೋಗಿ ಬಾಯಿ ಬಿಡಿಸಿ ಹಲ್ಲು ಎಣಿಸುತ್ತಾರೆ. ಸುಳಿ ನೋಡುತ್ತಾರೆ, ಗೊರಸು ಎತ್ತುತ್ತಾರೆ, ನಾಲ್ಕು ಹೆಜ್ಜೆ ನಡೆಸುತ್ತಾರೆ. ಮಾರುವವನ ಪ್ರಾಣ ಬಾಯಿಗೆ ಬಂದ ಮೇಲೆ ರುಮಾಲಿನ ಕೆಳಗೆ ಕೈ ಕೊಡುತ್ತಾರೆ. ಅದೇ ಕಾಕಾ 230 ವೋಲ್ಟಿನ ಗೋಡೆಗೆ ಒಂದು ಸಾಮಾನು ಸಿಗಿಸುವಾಗ ಅದರ ಮೈಮೇಲಿನ ಒಂದಕ್ಷರವನ್ನೂ ಓದುವುದಿಲ್ಲ.

ಅಳಿಯ ಕಾರು ತೆಗೆದುಕೊಂಡ ಮೇಲೆ ಈ ಕಲೆಗೆ ಹೊಸ ಅಂಗಳ ಸಿಕ್ಕಿತು. ಕಾರಿನ ಲೈಟರ್ ಸಾಕೆಟ್ಟಿಗೆ ಸಿಗಿಸುವ ಸಾಮಾನುಗಳು ಒಂದೊಂದಾಗಿ ಮನೆಗೆ ಬರತೊಡಗಿದವು. “ಕಾರಿನಾಗ ನಡೆಯೋದು ಮನ್ಯಾಗ ಯಾಕ ನಡೆಯಂಗಿಲ್ಲ?” ಎಂಬುದು ಕಾಕಾನ ವಾದ. ನಡೆಯುತ್ತದೆ. ಆದರೆ ಕಾರಿನಲ್ಲಿರುವುದು 12 ವೋಲ್ಟಿನ ಡಿಸಿ, ಎಂಜಿನ್ ಚಾಲೂ ಇದ್ದಾಗ 14ರ ಆಸುಪಾಸು. ಗೋಡೆಯಲ್ಲಿರುವುದು 230ರ ಎಸಿ. ನಡುವೆ ಒಬ್ಬ ತಕ್ಕ ಮಧ್ಯಸ್ಥ ಬೇಕು. ಆ ಮಧ್ಯಸ್ಥನನ್ನು ಕಾಕಾ ತಮ್ಮ ಡಬ್ಬಿಯಿಂದಲೇ ಆರಿಸುತ್ತಿದ್ದರು. ಡಬ್ಬಿ ಜೊತೆಗಿಲ್ಲದ ಊರಲ್ಲಿ ಅಲ್ಲಿನ ಗೋಡೆಯಿಂದ ಕೀಳುತ್ತಿದ್ದರು.

ಭಾಲ್ಕಿಯಲ್ಲಿ ಆದದ್ದು ಅದೇ. ಮಗಳನ್ನು ಕೊಟ್ಟ ಮನೆ. ಅಳಿಯನಿಗೆ ಪುಣೆಯಲ್ಲಿ ನೌಕರಿ, ಕಾರು ಮಾತ್ರ ಭಾಲ್ಕಿಯ ಅಂಗಳದಲ್ಲಿ. ನಿಂತು ನಿಂತು ಅದರ ಬ್ಯಾಟರಿಯೂ ಇಳಿದಿತ್ತು, ಟೈರೂ ಇಳಿದಿತ್ತು. ಡಿಕ್ಕಿಯಲ್ಲಿ ಹವಾ ಪಂಪ್ ಇತ್ತು, ಅದಕ್ಕೆ ಕರೆಂಟು ಕೊಡುವ ಸ್ಥಿತಿಯಲ್ಲಿ ಕಾರು ಇರಲಿಲ್ಲ. ಬೀಗರ ಮುಂದೆ ವಿದ್ಯೆ ತೋರಿಸಲು ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದು? ಕಾಕಾ ಗೋಡೆಯ ಮೇಲಿನ ವೈಫೈ ಡಬ್ಬಿಯ ಅಡಾಪ್ಟರ್ ಕಿತ್ತರು. ಅದರ ಮೇಲೂ 12 ವೋಲ್ಟ್, ಪಂಪಿನ ಮೇಲೂ 12 ವೋಲ್ಟ್. ಜನ್ಮದಲ್ಲಿ ಮೊದಲ ಸಲ ಕಾಕಾ ಪಿನ್ ಬಿಟ್ಟು ಅಕ್ಷರ ಓದಿದ್ದರು. ಓದಿದ್ದು ಅರ್ಧ. ಕತ್ತರಿಸಿದರು, ತಿರುವಿದರು, ಟೇಪು ಸುತ್ತಿದರು.

ಪಂಪು ಒಮ್ಮೆ ‘ಗುರ್’ ಎಂದಿತು, ನಿಂತಿತು. ಸ್ವಲ್ಪ ತಡೆದು ಮತ್ತೆ ‘ಗುರ್’. ಅಡಾಪ್ಟರಿನ ಹಸಿರು ದೀಪ ಆರುವುದು, ಹೊತ್ತುವುದು, ಆರುವುದು.

“ಏನಾಗ್ಲತ್ತದ ಬೀಗ್ರೇ?” ಬೀಗರು ಕೇಳಿದರು.

“ಏನಿಲ್ಲ, ಉಸಿರು ತಗೋಳ್ಲತ್ತದ,” ಎಂದರು ಕಾಕಾ.

ಅಷ್ಟರಲ್ಲಿ ಒಳಗಿನಿಂದ ಮೊಮ್ಮಗ “ನೆಟ್ ಹೋಯ್ತು!” ಎಂದು ಕೂಗಿದ. ಬೀಗತಿಯ ಮೊಬೈಲಿನಲ್ಲಿ ನಡೆಯುತ್ತಿದ್ದ ಪ್ರವಚನ ಅರ್ಧ ವಚನಕ್ಕೇ ನಿಂತಿತು. ಮಗಳು ಹೊರಗೆ ಬಂದು ಅಡಾಪ್ಟರ್ ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಸುಡುತ್ತಿತ್ತು.

“ಅಪ್ಪಾ, ಇದು 1 ಆಂಪಿಯರಿಂದು. ಪಂಪಿನ ಮ್ಯಾಲ 120 ವ್ಯಾಟ್ ಬರದಾರ. 12ರಿಂದ ಭಾಗಿಸ್ರಿ, ಎಷ್ಟಾತು?”

“ಹತ್ತು.”

“ಹತ್ತು ಆಂಪಿಯರ್ ಬೇಡೋದಕ್ಕ ಒಂದು ಆಂಪಿಯರಿಂದು ಹಚ್ಚೀರಿ. ಅದು ಹ್ಯಾಂಗ ಎಳೀಬೇಕು?”

“ಮತ್ತ ಹೆಚ್ಚಿಂದು ಹಚ್ಚಿದ್ರ ಸಾಮಾನು ಸುಟ್ಟು ಹೋಗಂಗಿಲ್ಲೇನು?” ಕಾಕಾ ಬಿಡಲಿಲ್ಲ.

“ವೋಲ್ಟ್ ಹೆಚ್ಚಾದ್ರ ಸುಡ್ತದ. ಆಂಪಿಯರ್ ಹೆಚ್ಚಿದ್ರ ಏನೂ ಆಗಂಗಿಲ್ಲ, ಸಾಮಾನು ತನಗ ಎಷ್ಟು ಬೇಕೋ ಅಷ್ಟೇ ತಗೋತದ. ವೋಲ್ಟ್ ಸರಿಸಮ ಇರಬೇಕು, ಆಂಪಿಯರ್ ಅಷ್ಟೇ ಇರಬೇಕು ಇಲ್ಲಾ ಹೆಚ್ಚಿರಬೇಕು.”

ಬೀಗರು ಸದ್ದಿಲ್ಲದೆ ಓಣಿಯ ಸೈಕಲ್ ಅಂಗಡಿಯಿಂದ ಕಾಲಿನ ಪಂಪು ತರಿಸಿ ಹವಾ ಹೊಡೆಸಿದರು. ಬೀದರಿಗೆ ಮರಳಿದ ಕಾಕಾ ಗಲ್ಲಿಯಲ್ಲಿ ವರದಿ ಒಪ್ಪಿಸಿದ್ದು ಹೀಗೆ: “ಭಾಲ್ಕಿಯಾಗ ಕರೆಂಟಿಗಿ ಜೋರೇ ಇಲ್ಲ.”

ಎರಡನೆಯ ಬಲಿ ಬೀದರಿನಲ್ಲೇ ಬಿತ್ತು. ಅಳಿಯ ಹೊಸ ಡ್ಯಾಶ್‌ಕ್ಯಾಮ್ ಹಾಕಿಸಿ ಹಳೆಯದನ್ನು ಮಾವನಿಗೆ ಕೊಟ್ಟಿದ್ದ. ಕಾಕಾನ ಮನೆಯ ತುಳಸಿಯನ್ನು ಯಾರದೋ ಆಡು ಬಂದು ಮೇಯುತ್ತಿತ್ತು. ಆಡು ಯಾರದೆಂದು ಗಲ್ಲಿಗೆಲ್ಲ ಗೊತ್ತಿದ್ದರೂ ಪುರಾವೆ ಇರಲಿಲ್ಲ. ಕ್ಯಾಮೆರಾವನ್ನು ಕಿಟಕಿಗೆ ಕಟ್ಟಿದರೆ ಪುರಾವೆ ಸಿಗುತ್ತದೆ. ಕಾರಿನ ಸಾಮಾನು ಅಂದರೆ 12 ವೋಲ್ಟು. ಈ ಲೆಕ್ಕದ ಮೇಲೆ ಕಾಕಾ ಡಬ್ಬಿಯಿಂದ ಎಲಿಮಿನೇಟರ್ ತೆಗೆದರು, ಕ್ಯಾಮೆರಾದ ವೈರಿನ ತುದಿಯಲ್ಲಿದ್ದ ಲೈಟರ್ ಗುಬುಟನ್ನು ಕತ್ತರಿಸಿ ಒಗೆದರು, ಕೆಂಪಿಗೆ ಕೆಂಪು ಸೇರಿಸಿದರು. ಸ್ವಿಚ್ ಒತ್ತಿದಾಗ ಒಂದು ಸಣ್ಣ ‘ಟಪ್’. ಆಮೇಲೆ ವಾಸನೆ. ಕಿಟಕಿಯ ಹೊರಗೆ ಆಡು ತುಳಸಿ ಮೇಯುತ್ತಲೇ ಇತ್ತು.

ಹೆಣ ಹೊತ್ತುಕೊಂಡು ಕಾಕಾ ಚೌಬಾರಾ ಹತ್ತಿರದ ರಿಪೇರಿ ಅಂಗಡಿಗೆ ಹೋದರು. ಅಂಗಡಿಯ ಹುಡುಗ ಮೊದಲು ಕೇಳಿದ್ದು ಕ್ಯಾಮೆರಾವನ್ನಲ್ಲ, ಕತ್ತರಿಸಿದ ಗುಬುಟನ್ನು. ಪುಣ್ಯಕ್ಕೆ ಅದು ಕಾಕಾನ ಜೇಬಿನಲ್ಲಿತ್ತು. ಅವರು ಏನನ್ನು ಒಗೆದರೂ ಮತ್ತೆ ಹೆಕ್ಕಿಕೊಳ್ಳುವವರು. ಹುಡುಗ ತಿರುಪು ಬಿಚ್ಚಿದ. ಒಳಗೆ ಬೆರಳುಗುರಿನಗಲದ ಹಸಿರು ಹಾಳೆ, ಮೇಲೊಂದು ತಂತಿಯ ಸುರುಳಿ, ಒಂದು ಕರಿ ಚಿಪ್ಪು.

“ಕಾಕಾ, ಬಂದ 12 ವೋಲ್ಟ್ ಈ ಗುಬುಟಿನ್ಯಾಗ 5 ಆಗಿ ಹೋಗ್ತದ. ಕ್ಯಾಮೆರಾಕ್ಕ ಬೇಕಾಗಿದ್ದು 5. ನೀವು ಗುಬುಟೇ ಕಡದು 12 ಕೊಟ್ಟೀರಿ. ಅದೂ ಎಲಿಮಿನೇಟರಿಂದು, 16 ಹೋಗಿದ್ರೂ ಹೋಗಿರಬೇಕು. ಇಲ್ಲಿ ನೋಡ್ರಿ, ಬರದಾರ: ಔಟ್‌ಪುಟ್ 5 ವೋಲ್ಟ್.”

“ಹಂಗಾದ್ರ ಮನ್ಯಾಗ ಯಾವುದು ಹಚ್ಚಬೇಕಿತ್ತು?”

“ಮೊಬೈಲ್ ಚಾರ್ಜರ್ ಅದಲ್ರಿ, ಅದೂ 5 ವೋಲ್ಟಿಂದೇ. ಒಂದು ಯುಎಸ್‌ಬಿ ವೈರ್ ತಂದಿದ್ರ ಮುಗೀತಿತ್ತು.”

ಕಾಕಾ ಸ್ವಲ್ಪ ಹೊತ್ತು ಚೌಬಾರಾದ ಗೋಪುರದ ಕಡೆ ನೋಡುತ್ತ ನಿಂತರು. ಆಮೇಲೆ, “ಕ್ಯಾಮೆರಾ ಮೊದಲೇ ಕಮ್ಜೋರ್ ಇತ್ತು,” ಎಂದರು.

ಹುಡುಗ ಔರಾದ್ ಕಡೆಯವನು. ಕಾಕಾನ ಸಂತೆಯ ಪ್ರತಾಪ ಕೇಳಿ ಬಲ್ಲವನು. “ಕಾಕಾ, ಎತ್ತು ತಗೋವಾಗ ನೀವು ಬರೇ ಕೋಡು ನೋಡಿ ತಗೋತೀರೇನು?” ಎಂದು ಕೇಳಿದ.

“ಹುಚ್ಚೇನು? ಹಲ್ಲು ನೋಡ್ತೀನಿ.”

“ಪಿನ್ ಅಂದ್ರ ಕೋಡು. ಹಲ್ಲು ಇಲ್ಲದ ನೋಡ್ರಿ,” ಎಂದು ಹುಡುಗ ಒಂದು ಅಡಾಪ್ಟರನ್ನು ಬೋರಲು ಹಾಕಿದ.

ಕಾಕಾ ಕನ್ನಡಕ ಏರಿಸಿದರು. ಇರುವೆಯಷ್ಟು ಅಕ್ಷರ. ಮೊದಲ ಸಾಲು ಇನ್‌ಪುಟ್: 100ರಿಂದ 240 ವೋಲ್ಟ್, ಮುಂದೊಂದು ಅಲೆಯ ಗೆರೆ. ಅಲೆ ಎಂದರೆ ಎಸಿ, ನಮ್ಮ ಗೋಡೆಯ 230 ಇದರೊಳಗೆ ಬಂತು. ಎರಡನೆಯ ಸಾಲು ಔಟ್‌ಪುಟ್: 12 ವೋಲ್ಟ್, 2 ಆಂಪಿಯರ್. ಅಲ್ಲಿ ಅಲೆಯಿಲ್ಲ, ಒಂದು ಉದ್ದ ಗೆರೆ, ಅದರ ಕೆಳಗೆ ಮೂರು ತುಂಡು ಗೆರೆ. ಅದು ಡಿಸಿ. ಕಾರಿನ ಸಾಮಾನಿಗೆ ಬೇಕಾದದ್ದು ಅದೇ. ಕೆಳಗೆ ನಡುವೆ ಚುಕ್ಕೆ, ಸುತ್ತ ಅರ್ಧ ಬಳೆ, ಎರಡು ಕಡೆ ಪ್ಲಸ್ಸು ಮೈನಸ್ಸು. ಚುಕ್ಕೆಗೆ ಪ್ಲಸ್ ಹೊಂದಿದ್ದರೆ ಪಿನ್ನಿನ ಒಳಗಡೆ ಪ್ಲಸ್. ಸಾಮಾನಿನ ಮೇಲೂ ಅದೇ ಚಿತ್ರ ಇರಬೇಕು, ತಿರುಗುಮುರುಗಾದರೆ ಕೆಲಸ ಕೆಟ್ಟಿತು. ಚೌಕದೊಳಗೊಂದು ಚೌಕ ಇದ್ದರೆ ಒಳಗೆ ಎರಡು ಪದರದ ಹೊದಿಕೆ ಇದೆ, ಅರ್ಥಿಂಗಿನ ಮೂರನೆಯ ಕಡ್ಡಿ ಬೇಕಿಲ್ಲ.

“ಇನ್ನ ಇದು ಖರೇ ಹಲ್ಲು,” ಎಂದು ಹುಡುಗ ಮೂಲೆಯ ಗುರುತು ತೋರಿಸಿದ. ಬಿಐಎಸ್ ಗುರುತು, ಐಎಸ್ 13252 ಎಂಬ ಸಂಖ್ಯೆ, ‘ಆರ್’ ಅಕ್ಷರದ ಮುಂದೆ ಎಂಟು ಅಂಕಿ. 2012ರಲ್ಲಿ ಕೇಂದ್ರ ಸರ್ಕಾರ ಕಡ್ಡಾಯ ನೋಂದಣಿಯ ಆದೇಶ ಹೊರಡಿಸಿತು. ಕಂಪ್ಯೂಟರು ಮತ್ತು ಅದರ ಬಳಗಕ್ಕೆ ಹಚ್ಚುವ ಅಡಾಪ್ಟರುಗಳು 2014ರಲ್ಲಿ ಆ ಪಟ್ಟಿಗೆ ಸೇರಿದವು. ಬಿಐಎಸ್ ಕೇರ್ ಎಂಬ ಆ್ಯಪಿನಲ್ಲಿ ಆ ‘ಆರ್’ ಸಂಖ್ಯೆ ಹಾಕಿದರೆ ಮಾಲು ಯಾವ ಕಾರ್ಖಾನೆಯದೆಂದು ಬರುತ್ತದೆ. ಬರದಿದ್ದರೆ, ಅಥವಾ ಬೇರೆ ಯಾರದೋ ಹೆಸರು ಬಂದರೆ, ಅದು ನಕಲಿ ಇರಬಹುದು.

“ಪಿನ್ನಿಂದೂ ಒಂದು ಮಾತು ಕೇಳ್ರಿ,” ಎಂದ ಹುಡುಗ. “ಹೊರಗಿನ ಅಗಲ ಎರಡರದೂ 5.5 ಮಿಲಿಮೀಟರ್ ಇರ್ತದ. ಒಳಗಿನ ತೂತು ಒಂದರದು 2.1, ಇನ್ನೊಂದರದು 2.5. ಕುಂತಂಗ ಕಾಣ್ತದ, ಒಳಗ ಸಡಲ ಇರ್ತದ.”

ಪಿನ್ ಕೂತಂತೆ ಕಾಣುವುದು, ಆದರೆ ಕೂತಿರದೆ ಇರುವುದು! ಕಾಕಾನ ಸಿದ್ಧಾಂತದ ಬುಡವೇ ಅಲ್ಲಾಡಿದ್ದು ಆಗ.

ಪಿನ್ ಕಾಕಾ ಜಾತಿಯವರು ಸೋಲುವುದಿಲ್ಲ, ಪಕ್ಷ ಬದಲಿಸುತ್ತಾರೆ. ಮರುದಿನದಿಂದಲೇ ಗಲ್ಲಿಯಲ್ಲಿ ಹೊಸ ಉಪದೇಶ: “ಪಿನ್ ನೋಡೋರು ಹುಚ್ಚರು. ನಾ ಮೊದ್ಲಿಂದ ಇದೇ ಹೇಳ್ತಾ ಬಂದೀನಿ.” ಜೇಬಿನ ಪೆನ್ನು ಹೋಗಿ ಭೂತಗನ್ನಡಿ ಬಂತು. ಯಾರ ಮನೆಗೆ ಚಹಾಕ್ಕೆ ಹೋದರೂ ಮೊದಲು ಚಾರ್ಜರ್ ಬೋರಲು ಹಾಕುತ್ತಾರೆ. ಮೋಹನ್ ಮಾರ್ಕೆಟ್ಟಿನಲ್ಲಿ ಕಾಕಾ ಬರುವುದು ಕಂಡರೆ ತಳ್ಳುಗಾಡಿಯ ಚಾರ್ಜರಿನವರು ಗಾಡಿಯ ದಿಕ್ಕು ಬದಲಿಸುತ್ತಾರೆ. ಭಾಲ್ಕಿಯ ಬೀಗರಿಗೆ ಫೋನ್ ಮಾಡಿ, “ಆವತ್ತು ನಿಮ್ಮ ಪಂಪಿಗಿ ಆಂಪಿಯರ್ ಕಮ್ಮಿ ಬಿತ್ತು, ನಾ ಆಗಲೇ ಅಂದಿದ್ದೆ,” ಎಂದೂ ತಿಳಿಸಿದ್ದಾಯಿತು.

ಈ ಬೇಸಿಗೆಯಲ್ಲಿ ಔರಾದ್ ಹೊಲದ ಮನೆಗೆ ಅಳಿಯನ ಕಾರಿನ ತಂಪು ಪೆಟ್ಟಿಗೆ ಬಂತು. ಮಜ್ಜಿಗೆ, ನೀರು ತಂಪಾಗಿಡುವುದಕ್ಕೆ. ಗೋಡೆಯ ಕರೆಂಟಿನಲ್ಲಿ ನಡೆಸಲು ಕಾಕಾ ಈ ಸಲ ಡಬ್ಬಿ ಮುಟ್ಟಲಿಲ್ಲ. ಪೆಟ್ಟಿಗೆಯ ಮೇಲೆ 60 ವ್ಯಾಟ್ ಎಂದಿತ್ತು. 12ರಿಂದ ಭಾಗಿಸಿದರು, 5 ಬಂತು. ದಿನವಿಡೀ ನಡೆಯುವ ಸಾಮಾನಿಗೆ ಸರಿಯಾಗಿ 5ರದೇ ಸಾಲದು, ಕೈ ಸಡಿಲ ಇರಲಿ ಎಂದು 8 ಆಂಪಿಯರಿನದು ಎಂದು ಬರೆದುಕೊಂಡರು. ಹೈದರಾಬಾದಿಗೆ ಹೋಗಿ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಅಂಗಡಿ ಅಂಗಡಿ ಅಲೆದರು. ಕೊನೆಗೆ, ತುದಿಯಲ್ಲಿ ಕಾರಿನದೇ ಲೈಟರ್ ಸಾಕೆಟ್ ಇರುವ ಅಡಾಪ್ಟರ್ ಹುಡುಕಿದರು. ಕತ್ತರಿಯ ಕೆಲಸವೇ ಇಲ್ಲ. ಫುಟ್‌ಪಾತಿನಲ್ಲೇ ನಿಂತು ‘ಆರ್’ ಸಂಖ್ಯೆ ಹಾಕಿ ನೋಡಿದರು, ಕಾರ್ಖಾನೆಯ ಹೆಸರು ಸರಿಹೋಯಿತು. ಅಂಗಡಿಯವನು, “ಸಾಬ್, ಲೇನಾ ಹೈ ಯಾ ಪಢ್‌ನಾ ಹೈ?” ಎಂದು ಕೇಳಿದನಂತೆ.

ಔರಾದಿನಲ್ಲಿ ಉದ್ಘಾಟನೆಗೆ ನೆರೆಹೊಲದವರೆಲ್ಲ ಸೇರಿದರು. ಕಾಕಾ ಲೇಬಲನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಅಡಾಪ್ಟರನ್ನು ಗೋಡೆಗೆ ಸಿಗಿಸಿದರು. ಗೋಡೆಯ ಸಾಕೆಟ್ಟು ಹಳೆಯದು, ತೂತು ಅಗಲವಾಗಿತ್ತು. ಅಡಾಪ್ಟರ್ ಜೋತುಬಿತ್ತು, ಒಳಗೆ ಚಿಟಿಚಿಟಿ ಕಿಡಿ.

“ಏ, ಕಡ್ಡಿಪೆಟ್ಟಿಗಿ ತಾ,” ಎಂದು ಕಾಕಾ ಒಳಗೆ ಕೂಗಿದರು. ಎರಡು ಕಡ್ಡಿ ಹೆಕ್ಕಿ ಪಿನ್ನಿನ ಪಕ್ಕ ತುರುಕಲು ಕೈ ಎತ್ತಿದರು.

ಕಾಕಾನ ಮಡದಿ ಕಾಕು ಓಡಿಬಂದು ಮೇನ್ ಸ್ವಿಚ್ಚೇ ಇಳಿಸಿದರು. “ಏನ್ರಿ, ಎಲ್ಲಾ ಓದ್ತೀರಿ, ಇಷ್ಟು ತಿಳಿಯಂಗಿಲ್ಲೇನು? ಸಡಲ ಇದ್ದಲ್ಲಿ ಕಾಯ್ತದ, ಹೊತ್ತತದ. ಕಟಗಿ ತುರುಕಿದ್ರ ಮತ್ತೂ ಚಲೋ ಹೊತ್ತತದ. ಹೊಸಾ ಸಾಕೆಟ್ ಹಚ್ಚಿಸ್ರಿ ಮೊದಲ.”

ಕಾಕಾ ಭೂತಗನ್ನಡಿ ತೆಗೆದು ಸಾಕೆಟ್ಟಿನ ನಾಲ್ಕೂ ಬದಿ ಸಾವಕಾಶ ನೋಡಿದರು.

“ಕಡ್ಡಿ ಹಚ್ಚಬ್ಯಾಡ್ರಿ ಅಂತ ಇದ್ರ ಮ್ಯಾಲ ಎಲ್ಲೂ ಬರದಿಲ್ಲಲ್ಲ,” ಎಂದರು.