ಕೆಲಸವಿಲ್ಲದವಳ ವಿಜ್ಞಾಪನೆ: ಗಣತಿದಾರರಿಗೊಂದು ಬಹಿರಂಗ ಪತ್ರ

ನಮ್ಮ ಓಣಿಗೆ ದಯಮಾಡಿಸಲಿರುವ ಜನಗಣತಿಯ ಗಣತಿದಾರ ಮಹಾಶಯರ ಸನ್ನಿಧಿಗೆ,

ಮೈಸೂರು ಅಗ್ರಹಾರದ ನಿವಾಸಿನಿಯೂ ಇಬ್ಬರು ಮಕ್ಕಳ ತಾಯಿಯೂ ಆದ ಗೃಹಿಣಿಯೊಬ್ಬಳು ಅನಂತ ನಮಸ್ಕಾರಪೂರ್ವಕವಾಗಿ ಮಾಡಿಕೊಳ್ಳುವ ವಿಜ್ಞಾಪನೆ.

1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದು, ಮಹಾಮಾರಿಯ ದೆಸೆಯಿಂದ 2021ರಲ್ಲಿ ನಿಂತುಹೋದ ಜನಗಣತಿಯೆಂಬ ಮಹಾಕಾರ್ಯವು ಮತ್ತೆ ಆರಂಭವಾಗಿದೆಯೆಂದೂ, ಹಿಮ ಬೀಳುವ ಕೆಲವು ಸೀಮೆಗಳನ್ನು ಬಿಟ್ಟು ಉಳಿದ ದೇಶದಲ್ಲೆಲ್ಲ 2027ರ ಫೆಬ್ರುವರಿ ಕಳೆದು ಮಾರ್ಚ್ 1 ಹುಟ್ಟುವ ನಡುರಾತ್ರಿಯಲ್ಲಿ ಎಷ್ಟು ಪ್ರಜೆಗಳಿದ್ದರೆಂಬುದನ್ನು ನಿರ್ಣಯಿಸುವುದಕ್ಕಾಗಿ ತಾವು ಆ ಫೆಬ್ರುವರಿಯಲ್ಲಿ ಮನೆಮನೆಗೂ ಬರುವಿರೆಂದೂ, ಈ ಸಲದ ಲೆಕ್ಕವೆಲ್ಲ ಮೊಬೈಲಿನಲ್ಲಿಯೇ ಜರುಗುವುದೆಂದೂ ಪತ್ರಿಕೆಗಳಲ್ಲಿ ಓದಿ ಬಹಳ ಸಂತೋಷಪಟ್ಟೆನು. ಆ ನಡುರಾತ್ರಿಯಲ್ಲಿ ದೇಶದ ಇತರ ಪ್ರಜೆಗಳು ಏನು ಮಾಡುತ್ತಿರುವರೋ ನಾನರಿಯೆ. ನಮ್ಮ ಮನೆಯಲ್ಲಂತೂ ಕಿರಿಯ ಪ್ರಜೆಯು ಹಾಸಿಗೆಯ ಮೇಲೆ ಎದ್ದು ಕುಳಿತು ಬೀದಿನಾಯಿಗಳೊಡನೆ ಅವುಗಳ ಭಾಷೆಯಲ್ಲಿಯೇ ಸಂವಾದ ನಡೆಸುತ್ತಿರುವನಾದ್ದರಿಂದ, ಮನೆಮಂದಿಯೆಲ್ಲರೂ ಎಚ್ಚರವಾಗಿಯೇ ಇರುವೆವು. ಯಾರೂ ಎಣಿಕೆಗೆ ತಪ್ಪಿಹೋಗುವ ಭಯವಿಲ್ಲ.

ನನ್ನ ವಿಜ್ಞಾಪನೆಯಿರುವುದು ಒಂದೇ ಒಂದು ಪ್ರಶ್ನೆಯ ವಿಷಯದಲ್ಲಿ. ಕಳೆದ ವರ್ಷದಲ್ಲಿ ಈ ಮನೆಯವರ ಪೈಕಿ ಯಾರು ಯಾರು ಕೆಲಸ ಮಾಡಿದರು ಎಂಬುದು ಹಿಂದಿನ ಗಣತಿಗಳಲ್ಲಿ ಇದ್ದ, ಈ ಸಲವೂ ಇರುವುದೆಂದು ನಾನು ನಂಬಿರುವ ಪ್ರಶ್ನೆ. 2011ರಲ್ಲಿ ನಾನು ಕೆ.ಆರ್. ಪೇಟೆ ಕಡೆಯ ತೌರುಮನೆಯಲ್ಲಿ ಪಿ.ಯು. ಓದುತ್ತಿದ್ದ ಹುಡುಗಿ. ಗಣತಿಯವರು ಬಂದು ಜಗುಲಿಯ ಮೇಲೆ ಕುಳಿತು ಈ ಪ್ರಶ್ನೆಯನ್ನು ಕೇಳಿದಾಗ, ಬೆಳಗಿನ ಜಾವಕ್ಕೆ ಎದ್ದು ಕೊಟ್ಟಿಗೆ ಬಳಿದು, ನೀರು ಸೇದಿ, ರೊಟ್ಟಿ ತಟ್ಟಿ, ಗದ್ದೆಗೆ ಬುತ್ತಿ ಕಟ್ಟಿ, ಆಗತಾನೆ ಒಲೆಯ ಮುಂದಿನಿಂದ ಎದ್ದು ಬಂದಿದ್ದ ನಮ್ಮಮ್ಮ ಸೆರಗಿನಿಂದ ಕೈಯೊರೆಸಿಕೊಳ್ಳುತ್ತ, “ನಂದೇನಿಲ್ಲ ಕಣಪ್ಪ, ಮನೇಲೇ ಇವ್ನಿ” ಎಂದಳು. ಅವರು ಹಾಗೆಯೇ ಬರೆದುಕೊಂಡರು. ಬಳಿಕ ಆಕೆ ಮಾಡಿಕೊಟ್ಟ ಕಾಫಿಯನ್ನು ಕುಡಿದು, ಚೆನ್ನಾಗಿದೆಯೆಂದು ಹೇಳಿ ಮುಂದಿನ ಮನೆಗೆ ಹೋದರು.

ಆ ಕಾಫಿಯ ವಿಷಯದಲ್ಲಿ ಶಾಸ್ತ್ರವೇನು ಹೇಳುತ್ತದೆಂಬುದು ನನಗೆ ತಿಳಿದದ್ದು ಆಮೇಲೆ, ಮಹಾರಾಣಿ ಕಾಲೇಜಿನಲ್ಲಿ ಅರ್ಥಶಾಸ್ತ್ರವನ್ನು ಓದುವಾಗ. 2011ರ ಗಣತಿಯ ಸೂತ್ರದ ಪ್ರಕಾರ ಹಾಲನ್ನು ಮಾರದೆ ಕೇವಲ ಮನೆಯ ಬಳಕೆಗೆಂದೇ ಹಸು ಕಟ್ಟಿ ಕರೆದುಕೊಂಡವರೂ ಕೆಲಸಗಾರರೇ. ಕೈಯಾರೆ ಏನನ್ನೂ ಮಾಡದೆ ಇನ್ನೊಬ್ಬರ ಕೆಲಸದ ಮೇಲ್ವಿಚಾರಣೆ ಮಾತ್ರ ನಡೆಸಿದವರೂ ಕೆಲಸಗಾರರೇ. ಆದರೆ ಅದೇ ಹಾಲನ್ನು ಕಾಯಿಸಿ, ಆರಿಸಿ, ಮಗುವಿಗೆ ಕುಡಿಸುವಾಕೆ ಕೆಲಸಗಾರ್ತಿಯಲ್ಲ. ಅಂದರೆ ಕೆಚ್ಚಲಿನಿಂದ ಚೊಂಬಿಗೆ ಬೀಳುವವರೆಗೆ ಆ ಹಾಲು ರಾಷ್ಟ್ರದ ಉತ್ಪಾದನೆ. ಚೊಂಬಿನಿಂದ ಮಗುವಿನ ಬಾಯಿಯವರೆಗಿನ ಗೇಣುದೂರದ ಪ್ರಯಾಣದಲ್ಲಿ ಅದಕ್ಕೆ ಲೆಕ್ಕವೂ ಇಲ್ಲ, ಪತ್ರವೂ ಇಲ್ಲ. ನಾನು ಎರಡು ಕೆಲಸವನ್ನೂ ಮಾಡಿ ಬಲ್ಲವಳು. ಹಸು ಒದೆಯುವುದು ಅಪರೂಪ.

ಹಾಗೆ ಕೆಲಸಗಾರರಲ್ಲದವರೆಂದು ನಿರ್ಣೀತರಾದವರ ಸಾಲಿನಲ್ಲಿ ವಿದ್ಯಾರ್ಥಿಗಳು, ಪಿಂಚಣಿದಾರರು, ಬಾಡಿಗೆಯ ಆದಾಯದಿಂದ ಬದುಕುವವರು, ಭಿಕ್ಷುಕರು ಮೊದಲಾದವರೂ ಇರುವರು. 2001ರ ಗಣತಿಯು ಸುಮಾರು 36 ಕೋಟಿ ಮಹಿಳೆಯರನ್ನು ಭಿಕ್ಷುಕರು, ವೇಶ್ಯೆಯರು, ಸೆರೆಯಾಳುಗಳ ಜೊತೆಗೆ ಒಂದೇ ಪಂಕ್ತಿಯಲ್ಲಿ ಕೂಡಿಸಿತೆಂದು ಸರ್ವೋಚ್ಚ ನ್ಯಾಯಾಲಯವೇ 2010ರಲ್ಲಿ ಖೇದವನ್ನು ವ್ಯಕ್ತಪಡಿಸಿತು. ಈ ಸಹಪಂಕ್ತಿಯವರಲ್ಲಿ ಯಾರ ಮೇಲೂ ನನಗೆ ಅಸೂಯೆಯಾಗಲಿ ತಾತ್ಸಾರವಾಗಲಿ ಇಲ್ಲ. ಸೆರೆಯಾಳುಗಳಿಗೆ ಬಿಡುಗಡೆಯ ತಾರೀಖೊಂದು ಗೊತ್ತಿರುತ್ತದೆಂಬುದನ್ನು ಮಾತ್ರ ವಿನಯದಿಂದ ನೆನಪಿಸುತ್ತೇನೆ. ನಮ್ಮ ಮಾವನವರು ಪಿಂಚಣಿದಾರರು. ಬೆಳಗಿನ ಎರಡನೆಯ ಲೋಟ ಕಾಫಿಯನ್ನು ಕೈಯಲ್ಲಿ ಹಿಡಿದು, ಆರಾಮಕುರ್ಚಿಯಲ್ಲಿ ಒರಗಿ, ಪತ್ರಿಕೆಯ ಮರಣವಾರ್ತೆಗಳಲ್ಲಿ ಪರಿಚಿತರಾರಾದರೂ ಇರುವರೋ ಎಂದು ನೋಡುತ್ತಿರುವ ಅವರೂ, ಅವರ ಮುಂದೆ ಮಗುವನ್ನು ಕಂಕುಳಲ್ಲಿಟ್ಟುಕೊಂಡು ನೆಲ ಒರೆಸುವ ನಾನೂ ಸರ್ಕಾರದ ದೃಷ್ಟಿಯಲ್ಲಿ ಸಮಾನ ವಿಶ್ರಾಂತರು.

ಒರೆಸುವುದಾದರೂ ಏನನ್ನೆಂದು ತಾವು ಕೇಳಬಹುದು. ರಾಗಿ ಸರಿಯನ್ನು. ರಾಗಿಯನ್ನು ಕಲ್ಲಿಲ್ಲದಂತೆ ಆರಿಸಿ, ತೊಳೆದು, ಇರುಳೆಲ್ಲ ನೆನೆಯಿಟ್ಟು, ಹಳೆಯ ಪಂಚೆಯ ತುಂಡಿನಲ್ಲಿ ಗಂಟುಕಟ್ಟಿ, ಮೊಳಕೆಯೊಡೆದ ಮೇಲೆ ನೆರಳಿನಲ್ಲಿ ಒಣಗಿಸಿ, ಘಮ್ಮೆನ್ನುವಂತೆ ಹುರಿದು, ಗಿರಣಿಯಲ್ಲಿ ಬೀಸಿಸಿ, ತೆಳ್ಳನೆಯ ಬಟ್ಟೆಯಲ್ಲಿ ವಸ್ತ್ರಗಾಳಿತ ಮಾಡಿ, ಗಂಟುಗಟ್ಟದಂತೆ ಕೈಬಿಡದೆ ತಿರುವಿ ಕಾಸಿದ ಆ ಪವಿತ್ರ ಪದಾರ್ಥವನ್ನು ಬಟ್ಟಲಲ್ಲಿ ಹಿಡಿದು, ಪಾಪುವನ್ನು ಎತ್ತಿಕೊಂಡು ಗೇಟಿನ ಬಳಿಗೆ ಹೋಗಿ, ಕಾಗೆಗೊಂದು ತುತ್ತು, ಗುಬ್ಬಿಗೊಂದು ತುತ್ತು, ಎದುರುಮನೆಯ ಆಟೋದ ಮಾವನಿಗೊಂದು ತುತ್ತು ಎಂದು ಲೋಕದ ಸಕಲ ಚರಾಚರಗಳಿಗೂ ನೈವೇದ್ಯ ತೋರಿಸಿ, ಎಲ್ಲರ ಪಾಲಿನ ತುತ್ತನ್ನೂ ಅವನ ಬಾಯಲ್ಲೇ ಇಟ್ಟರೆ, ಆತನು ಅದನ್ನು ನುಂಗುವುದೂ ಇಲ್ಲ, ಉಗುಳುವುದೂ ಇಲ್ಲ. ಎಡಗೆನ್ನೆಯಲ್ಲಿ ಠೇವಣಿ ಇಟ್ಟುಕೊಂಡು ಋಷಿಯಂತೆ ಶಾಂತನಾಗಿರುತ್ತಾನೆ. ಅವ್ವ ಗೆದ್ದಳೆಂದು ನಾನು ಒಳಗೆ ಬಂದು, ಮಾವನವರ ಕುರ್ಚಿಯ ಬದಿಯಲ್ಲಿ ಅವನನ್ನು ಇಳಿಸುವುದೇ ತಡ, “ಫುರ್ರ್” ಎಂಬ ಧ್ವನಿಯೊಡನೆ ಠೇವಣಿಯು ಬಡ್ಡಿಸಮೇತ ಹೊರಕ್ಕೆ ಬಂದು ಮರಣವಾರ್ತೆಗಳನ್ನೆಲ್ಲ ಆವರಿಸುತ್ತದೆ. ಮಾವನವರು ಕನ್ನಡಕವನ್ನು ಒರೆಸಿಕೊಳ್ಳುತ್ತ, “ಸ್ವಲ್ಪ ಬಿಸಿಯಿತ್ತೋ ಏನೋ ನೋಡಮ್ಮ” ಎನ್ನುವರು. ಅಡಿಗೆಮನೆಯ ಬಾಗಿಲಲ್ಲಿ ನಿಂತ ಅತ್ತೆಯವರು, “ಒಂದು ಚಿಟಿಕೆ ಉಪ್ಪು ಹಾಕಬೇಕಿತ್ತು” ಎನ್ನುವರು. ಮೇಲ್ವಿಚಾರಣೆಯೂ ಕೆಲಸವೆಂಬ ಸೂತ್ರವನ್ನು ಮನೆಯೊಳಕ್ಕೂ ವಿಸ್ತರಿಸಿದಲ್ಲಿ, ಅತ್ತೆಯವರ ಹೆಸರನ್ನು ತಾವು ಪೂರ್ಣಾವಧಿಯ ಕೆಲಸಗಾರರ ಪಟ್ಟಿಯಲ್ಲಿಯೇ ಬರೆಯಬೇಕಾಗುವುದು.

ಹಿರಿಯವಳು ಒಂದನೆಯ ತರಗತಿ. ಇವಳ ಸ್ವಭಾವ ಸೌಮ್ಯ, ಶಾಲೆಯೂ ಹತ್ತಿರ. ಇವಳ ಕಡೆಯಿಂದ ತೊಂದರೆಯೇನೂ ಇಲ್ಲವೆನ್ನಬಹುದು. ಐದು ಬಗೆಯ ಎಲೆಗಳನ್ನು ಅಂಟಿಸಿಕೊಂಡು ಬರಬೇಕೆಂದು ಮಿಸ್ ಹೇಳಿರುವ ಸಂಗತಿಯನ್ನು ಬೂಟಿನ ಲೇಸು ಕಟ್ಟಿಸಿಕೊಳ್ಳುವಾಗ ಹೇಳುತ್ತಾಳೆ, ಅಷ್ಟೇ. ಆಗ ತುಳಸಿ, ಕರಿಬೇವು, ದೊಡ್ಡಪತ್ರೆ, ಪಕ್ಕದ ಮನೆಯ ಬೇಲಿಯ ದಾಸವಾಳ, ಹೀಗೆ ನಾಲ್ಕು ಕೂಡಿದ ಮೇಲೆ, ಐದನೆಯದಾಗಿ ದೇವರ ಮುಂದಿನ ವೀಳ್ಯದೆಲೆಯನ್ನು ತೆಗೆದುಕೊಂಡದ್ದು ನಾನೋ ಅವಳೋ ಎಂಬ ವಿಚಾರಣೆ ಅತ್ತೆಯವರ ಸಮಕ್ಷಮದಲ್ಲಿ ಇನ್ನೂ ನಡೆಯುತ್ತಿದೆ.

ಕೇಂದ್ರ ಸರ್ಕಾರದ ಸಾಂಖ್ಯಿಕ ಕಚೇರಿಯವರು 2024ರಲ್ಲಿ ಜನರು ಕಾಲವನ್ನು ಹೇಗೆ ವ್ಯಯಿಸುವರೆಂದು ಸಮೀಕ್ಷೆ ನಡೆಸಿ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ 289 ನಿಮಿಷಗಳನ್ನೂ ಗಂಡಸರು 88 ನಿಮಿಷಗಳನ್ನೂ ಅದರಲ್ಲಿ ಕಳೆಯುವರೆಂದು ಪ್ರಕಟಿಸಿದ್ದಾರೆ. ತಮ್ಮ ಇಲಾಖೆಯ ದಾಯಾದಿಗಳಾದ ಅವರಿಗೆ ನಾನು ಕೃತಜ್ಞಳು. ಆದರೆ ಅವರ ಕ್ರಮದಲ್ಲಿ ಒಂದು ತೊಡಕಿದೆ. ಅವರು ದಿನವನ್ನು ಅರ್ಧರ್ಧ ಗಂಟೆಯಾಗಿ ಸೀಳಿ, ಒಂದೊಂದು ತುಂಡಿನಲ್ಲಿ ಹತ್ತು ನಿಮಿಷಕ್ಕೆ ಕಡಿಮೆಯಿಲ್ಲದಂತೆ ಮಾಡಿದ, ಹೆಚ್ಚೆಂದರೆ ಮೂರು ಕೆಲಸಗಳನ್ನು ಮಾತ್ರ ಬರೆದುಕೊಳ್ಳುವರಂತೆ. ಹತ್ತು ನಿಮಿಷ ಎಡೆಬಿಡದೆ ಒಂದೇ ಕೆಲಸವನ್ನು ಮಾಡುವ ಭಾಗ್ಯವು ಚಿಕ್ಕ ಮಕ್ಕಳ ತಾಯಿಗೆಲ್ಲಿಂದ ಬರಬೇಕು? ಕುಕ್ಕರಿನ ಮೂರನೆಯ ಸೀಟಿಗೆ ಕಿವಿಗೊಟ್ಟು, ಒಬ್ಬನ ಕುಂಡೆ ತೊಳೆಯುತ್ತ, ಇನ್ನೊಬ್ಬಳಿಂದ ಎರಡರ ಮಗ್ಗಿಯನ್ನು ಒಪ್ಪಿಸಿಕೊಳ್ಳುತ್ತ, ಗ್ಯಾಸಿನವನಿಗೆ ನಿಲ್ಲಪ್ಪಾ ಎಂದು ಕೂಗುತ್ತ, ಹಾಲು ಉಕ್ಕಿದ ವಾಸನೆಗೆ ಎದ್ದೋಡುವ ಆ ನಾಲ್ಕು ನಿಮಿಷಗಳು ಅವರ ಲೆಕ್ಕದಲ್ಲಿ ನಡೆದೇ ಇಲ್ಲ.

ಪುರುಷರ 88 ನಿಮಿಷಗಳನ್ನು ಕುರಿತು ನಾನು ಹಗುರವಾಗಿ ಆಡಲಾರೆ. ನಮ್ಮ ಯಜಮಾನರು ಶಿವರಾಂಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವರು. ಫ್ಯಾನಿನ ಕೆಳಗೆ ಕುಳಿತು ಮಾಡುವುದಾದ್ದರಿಂದ ಅದು ಕೆಲಸವೆಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ರಾತ್ರಿ ಬಂದು ಉಂಡ ಮೇಲೆ ಪಾಪುವನ್ನು ಹೆಗಲಿಗೆ ಹಾಕಿಕೊಂಡು ಮಲಗಿಸುವ ಭಾರವನ್ನು ತಾವಾಗಿಯೇ ವಹಿಸಿಕೊಂಡಿರುವರು. ಜೋಗುಳಗಳು ಬಾರದ ಕಾರಣ, ಆ ದಿನದ ಸರಕಿನ ಪಟ್ಟಿಯನ್ನೇ ರಾಗವಾಗಿ, “ಪಂಚೆ ಹನ್ನೆರಡು, ಟವೆಲು ಇಪ್ಪತ್ತು, ಇಳಕಲ್ಲು ಸೀರೆ ನಾಲ್ಕೇ ನಾಲ್ಕು” ಎಂದು ಹಾಡುತ್ತ ತಟ್ಟುವರು. ಇಳಕಲ್ಲಿನವರೆಗೆ ಬರುವಷ್ಟರಲ್ಲಿ ಒಬ್ಬರಿಗೆ ಗಾಢ ನಿದ್ರೆ ಹತ್ತಿರುತ್ತದೆ. ಇನ್ನೊಬ್ಬನು ಅವರ ಹೊಟ್ಟೆಯ ಮೇಲಿಂದ ಜಾರಿ ಇಳಿದು ಅಡಿಗೆಮನೆಯ ಈರುಳ್ಳಿ ಬುಟ್ಟಿಯ ಬಳಿಗೆ ಅಂಬೆಗಾಲಿಟ್ಟು ಬರುತ್ತಾನೆ. ಬುಟ್ಟಿಯನ್ನು ಬೋರಲು ಹಾಕಿ, ಉರುಳಿಹೋಗುವ ಈರುಳ್ಳಿಗಳನ್ನು ನೋಡಿ, ಕೈ ತಿರುವಿ “ಓತು” ಎನ್ನುತ್ತಾನೆ. “ಹೋಯಿತು” ಎಂದರ್ಥ. ಅಮ್ಮ ಎನ್ನುವುದಕ್ಕೆ ಮೊದಲೇ ಅವನಿಗೆ ಬಂದ ಮಾತಿದು. ಕರೆಂಟು ಹೋದರೂ ಓತು, ಅಜ್ಜನ ಚಪ್ಪಲಿ ನೀರಿನ ಸಂಪಿನೊಳಗೆ ಬಿದ್ದರೂ ಓತು. ಮೊನ್ನೆ ಸತ್ಯನಾರಾಯಣ ಪೂಜೆಯ ಮಂಗಳಾರತಿಯಲ್ಲಿ ಎಲ್ಲರೂ ಕಣ್ಣುಮುಚ್ಚಿ ಕೈಮುಗಿದು ನಿಂತಿರುವಾಗ ಕರ್ಪೂರ ಉರಿದು ಆರಿತು. ಆ ನಿಶ್ಶಬ್ದದಲ್ಲಿ ಇವನು ಮಹಾ ವ್ಯಸನದಿಂದ “ಓತು” ಎಂದನು. ಪುರೋಹಿತರ ಮಂತ್ರ ಅರ್ಧಕ್ಕೆ ನಿಂತಿತು. ಅಪಶಕುನವೆಂದು ಹುಬ್ಬು ಗಂಟಿಕ್ಕಿದ ಅತ್ತೆಯವರು ಸೆರಗನ್ನು ಬಾಯಿಗಿಟ್ಟುಕೊಂಡು ಗೋಡೆಯ ಕಡೆಗೆ ತಿರುಗಿದರು. ಅವರ ಭುಜಗಳು ಅಲುಗುತ್ತಿದ್ದವು. ಆ ನಗೆಯನ್ನು ತುಂಬುವುದಕ್ಕೆ ತಮ್ಮ ನಮೂನೆಯಲ್ಲಿ ಕಲಮು ಇದೆಯೆ ಎಂದು ಕೇಳುವಷ್ಟು ಅವಿವೇಕಿ ನಾನಲ್ಲ.

ಉಪಾಯವೊಂದು ನನಗೆ ಹೊಳೆದಿದೆ. ಮನೆಗೆಲಸದಾಕೆಯನ್ನು ಯಜಮಾನನು ಮದುವೆಯಾದರೆ ರಾಷ್ಟ್ರದ ಆದಾಯ ಅಷ್ಟರಮಟ್ಟಿಗೆ ಕುಗ್ಗುವುದೆಂದು ಪಿಗೂ ಎಂಬ ಆಂಗ್ಲ ಅರ್ಥಶಾಸ್ತ್ರಜ್ಞನು ಬಹಳ ಹಿಂದೆಯೇ ತೋರಿಸಿಕೊಟ್ಟಿದ್ದಾನೆ. ಅದನ್ನು ತಿರುಗುಮುರುಗು ಮಾಡಿದರೆ ದೇಶೋದ್ಧಾರ ಸುಲಭ. ಪಕ್ಕದ ಮನೆಯಾಕೆಗೂ ಇದೇ ವಯಸ್ಸಿನ ಮಗುವಿದೆ. ಅವಳ ಮಗುವನ್ನು ನಾನೂ ನನ್ನದನ್ನು ಅವಳೂ ಸಾಕುತ್ತ ತಿಂಗಳಿಗೆ ಒಂದೇ ಮೊತ್ತದ ಸಂಬಳವನ್ನು ಪರಸ್ಪರ ಕೊಟ್ಟುಕೊಂಡರೆ ಇಬ್ಬರೂ ಕೆಲಸಗಾರರಾಗುವೆವು, ರಾಷ್ಟ್ರದ ಆದಾಯವೂ ಏರುವುದು, ಮನೆಯ ಕಾಸೊಂದೂ ಕರಗದು. ಇದನ್ನು ಆಕೆಗೆ ಹೇಳಿದಾಗ ಬಹಳ ಹೊತ್ತು ಯೋಚಿಸಿ, “ನಿಮ್ಮ ಪಾಪುಗಾದರೆ ಸಂಬಳ ಸ್ವಲ್ಪ ಜಾಸ್ತಿ ಆಗುತ್ತೆ ಅಕ್ಕಾ” ಎಂದಳು. ಮಾತುಕತೆ ಅಲ್ಲಿಗೆ ಮುರಿದುಬಿತ್ತು.

ನಮ್ಮಂಥವರಿಗೆ ಬೆಲೆಯೇ ಕಟ್ಟಿಲ್ಲವೆಂದು ನಾನು ದೂರುತ್ತಿಲ್ಲ. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಜಮ್ಷೆಡ್‌ಪುರದ ಅಗ್ನಿದುರಂತದ ವ್ಯಾಜ್ಯದಲ್ಲಿ ಗೃಹಿಣಿಯರ ಸೇವೆಗೆ ತಿಂಗಳಿಗೆ 3,000 ರೂಪಾಯಿಗಳೆಂದು ನಿಗದಿ ಮಾಡಿತು. ಆದರೆ ಆ ದರ ಅನ್ವಯವಾದದ್ದು ಅವರು ತೀರಿಹೋದ ಮೇಲೆ. ಬದುಕಿರುವವರಿಗೂ ನಮ್ಮ ರಾಜ್ಯ ಸರ್ಕಾರವು 2023ರಿಂದ ಗೃಹಲಕ್ಷ್ಮಿಯೆಂಬ ಬಿರುದನ್ನೂ ತಿಂಗಳಿಗೆ 2,000 ರೂಪಾಯಿಗಳನ್ನೂ ದಯಪಾಲಿಸುತ್ತಿದೆ. ಅದು ಮನೆಯ ಯಜಮಾನಿಗೆ ಸಲ್ಲತಕ್ಕದ್ದು. ರೇಷನ್ ಕಾರ್ಡಿನ ಪ್ರಕಾರ ಯಜಮಾನಿ ಅತ್ತೆಯವರು. ಮೇಲ್ವಿಚಾರಣೆಗೆ ಪ್ರತಿಫಲವುಂಟೆಂಬ ಮಾತಿಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಮಹಾಶಯರೇ ಎಂದು ಸಂಬೋಧಿಸುತ್ತ ಬಂದೆ. ತಾವು ಮಹಾಶಯೆಯೂ ಆಗಿರಬಹುದೆಂಬುದು ಈಗ ಹೊಳೆಯುತ್ತಿದೆ. ಗಣತಿಗೆ ಬರುವವರು ಬಹುಮಟ್ಟಿಗೆ ಪ್ರಾಥಮಿಕ ಶಾಲೆಯ ಉಪಾಧ್ಯಾಯರು, ಅವರಲ್ಲಿ ಉಪಾಧ್ಯಾಯಿನಿಯರಿಗೇನೂ ಕೊರತೆಯಿಲ್ಲ. ಹಾಗಿದ್ದಲ್ಲಿ, ಎರಡು ಟಿಫಿನ್ ಡಬ್ಬಿಗಳಿಗೆ ಚಿತ್ರಾನ್ನ ತುಂಬಿ, ಅಳುವ ಮಗುವನ್ನು ಅತ್ತೆಯ ಕೈಗೆ ಕೊಟ್ಟು, ಹಿಂಬಾಗಿಲಿನಿಂದ ಅಡಗಿಕೊಂಡು ಹೊರಟುಬಂದ ತಾವು ನಮ್ಮ ಹೊಸ್ತಿಲಲ್ಲಿ ನಿಂತು ನನ್ನನ್ನು ಕೆಲಸವೇನೆಂದು ಕೇಳುವಾಗ, ನಾನು ತಮ್ಮ ಮುಖವನ್ನು ನೋಡಿ ನಕ್ಕರೆ ತಪ್ಪು ತಿಳಿಯಬಾರದು. ಏನು ಬರೆದುಕೊಳ್ಳುವಿರೋ ತಮಗೆ ಬಿಟ್ಟದ್ದು. ಮೊದಲು ಒಳಗೆ ಬಂದು ಐದು ನಿಮಿಷ ಕುಳಿತುಕೊಳ್ಳಿ. ಕಾಫಿ ಮಾಡಿಕೊಡುತ್ತೇನೆ; ಅದನ್ನು ಯಾವ ಲೆಕ್ಕಕ್ಕೂ ಬರೆಯಬೇಕಾಗಿಲ್ಲ.

ಇಂತು ವಿಜ್ಞಾಪನೆಗಳು,
ಅಗ್ರಹಾರದ ಒಬ್ಬ ಗೃಹಿಣಿ

ತಾ. ಕ.: ಮಧ್ಯಾಹ್ನ ಒಂದರಿಂದ ಎರಡರೊಳಗೆ ಬರುವುದಾದರೆ ದಯವಿಟ್ಟು ಕರೆಗಂಟೆಯನ್ನು ಒತ್ತಬೇಡಿ, ಕಿಟಕಿಯ ಸರಳನ್ನು ಮೆಲ್ಲಗೆ ತಟ್ಟಿದರೆ ಸಾಕು. ಎರಡರ ಮೇಲೆ ಬಂದಲ್ಲಿ ಗಣತಿಯ ಮೊಬೈಲನ್ನು ಚೀಲದೊಳಗಿಟ್ಟು ಜಿಪ್ ಎಳೆದುಕೊಂಡೇ ಒಳಗೆ ಬರುವುದು. ಅದು ಪಾಪುವಿನ ಕೈಗೆ ಸಿಕ್ಕಿದ ಪಕ್ಷದಲ್ಲಿ ನಮ್ಮ ವಾರ್ಡಿನ ಜನಸಂಖ್ಯೆಗೆ ನಾನು ಹೊಣೆಯಲ್ಲ.