ಪೇಜ್‌ಮೇಕರ್ ತೆಗೆದುಹಾಕುವ ಕ್ರಮ: ಕೈಪಿಡಿ, ಗದಗ ಆವೃತ್ತಿ

ಯಾರಿಗಾಗಿ: ಗದಗ-ಬೆಟಗೇರಿಯ ಡಿಟಿಪಿ ಅಂಗಡಿಗೆ ಹೊಸ ಕಂಪ್ಯೂಟರ್ ಕೂಡಿಸಲು ಬಂದ ತರುಣನಿಗೆ. ಕೂಡಿಸುವುದು ಅರ್ಧ ತಾಸಿನ ಕೆಲಸ. ಉಳಿದದ್ದಕ್ಕೆ ಇದನ್ನು ಓದಿಕೊಳ್ಳಿ.

ಮುನ್ನೆಚ್ಚರಿಕೆ: ಇದು ಮುದ್ರಣ ಕಾಶಿ. ಶಾಬಾದಿಮಠರ ಪಂಚಾಂಗ ಹೊರಡುವ ಊರು. ಮೊಳೆ ಜೋಡಿಸುವುದನ್ನು ಬಿಟ್ಟು ಕೀಲಿಮಣೆ ಹಿಡಿದವರ ಎದುರು ‘ನೀವು ಅಪ್‌ಡೇಟ್ ಆಗಬೇಕ್ರೀ’ ಅನ್ನಬೇಡಿ. ಚಹಾ ಸಿಗುವುದಿಲ್ಲ.

ಹಂತ 1. ಪೇಜ್‌ಮೇಕರ್ 7ರ ಐಕಾನ್ ಹುಡುಕಿ. 2001ರಲ್ಲಿ ಬಂದದ್ದು, ಆಮೇಲೆ ದೊಡ್ಡ ಹೊಸ ಆವೃತ್ತಿ ಬರಲಿಲ್ಲ. ಅದಕ್ಕೆ ಯುನಿಕೋಡ್ ತಿಳಿಯದು. ಆದರೆ ತಿಂಗಳ ಬಾಡಿಗೆಯನ್ನೂ ಕೇಳದು. ಅಂಗಡಿಗೆ ಅದು ಹೇಗೆ ಬಂತೆಂದು ನೀವೂ ಕೇಳಬೇಡಿ.

ಹಂತ 2. ಡಿಲೀಟ್ ಒತ್ತುವ ಮೊದಲು ಡಿ ಡ್ರೈವ್ ತೆರೆಯಿರಿ. ‘ಮದುವೆ’, ‘ಮದುವೆ ಹೊಸದು’, ‘ಮದುವೆ ಹೊಸದು ಫೈನಲ್’, ಮಠದ ಪುಸ್ತಕಗಳು, ಜಾತ್ರೆಯ ಪಾವತಿ ಬುಕ್ಕು. ಅಂಗಡಿಯ ಆಸ್ತಿ ಇಷ್ಟೇ. ಇನ್‌ಡಿಸೈನ್ ಸಿಎಸ್6ರವರೆಗೆ ಈ ಫೈಲ್‌ಗಳು ತೆರೆಯುತ್ತಿದ್ದವು. ನಂತರ ಬಂದ ಬಾಡಿಗೆ ಆವೃತ್ತಿಗಳು ಅವುಗಳ ಗುರುತನ್ನೇ ಹಿಡಿಯುವುದಿಲ್ಲ.

ಹಂತ 3. ಪಠ್ಯವನ್ನು ಯುನಿಕೋಡ್‌ಗೆ ಪರಿವರ್ತಿಸಿ. ಇಲ್ಲಿ ಕುರ್ಚಿ ಎಳೆದುಕೊಂಡು ಕೂಡಿ. ಹಳೇ ‘ನುಡಿ’ ತಂತ್ರಾಂಶದಲ್ಲಿ ತೆರೆಯ ಮೇಲೆ ‘ಕ’ ಕಂಡರೂ ಫೈಲಿನೊಳಗೆ ಇರುವುದು ಇಂಗ್ಲಿಷಿನ ಪಿ, ಅದರ ಮಗ್ಗುಲಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಎ. ಕನ್ನಡವಾಗಿ ತೋರಿಸುವುದು ಬರೀ ಫಾಂಟು. ಪರಿವರ್ತಕಕ್ಕೆ ಇಂಗ್ಲಿಷ್ ಅಕ್ಷರವೆಲ್ಲ ಕನ್ನಡದ ತುಣುಕೇ. ಆದ್ದರಿಂದ ಲಗ್ನಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿದ್ದ ವರನ ಬಿಇ ‘ಃಇ’ ಆಗುತ್ತದೆ, ವಧುವಿನ ಎಂಬಿಎ ‘ಒಃಂ’ ಆಗುತ್ತದೆ. ಮಂತ್ರವೆಂದು ಬೀಗರು ಒಪ್ಪಿಕೊಂಡರೆ ನಿಮ್ಮ ಪುಣ್ಯ. ಇಲ್ಲವಾದರೆ ಸಾಲು ಸಾಲಾಗಿ ತಿದ್ದಿ. ಈ ತಿದ್ದುವ ಕೂಲಿ ಯಾರ ಕೊಟೇಶನ್ನಿನಲ್ಲೂ ಇರುವುದಿಲ್ಲ. ಆಪರೇಟರ್ ರಾತ್ರಿ ಕೂತು ಮಾಡುತ್ತಾನೆಂದು ಎಲ್ಲರೂ ಅಂದುಕೊಂಡಿರುತ್ತಾರೆ.

ಹಂತ 4. ಹೊಸ ಇನ್‌ಡಿಸೈನ್‌ನಲ್ಲಿ ಒತ್ತಕ್ಷರಗಳು ಬಿಡಿಬಿಡಿಯಾಗಿ ನಿಂತರೆ ಹೆದರಬೇಡಿ. ‘ವರ್ಲ್ಡ್-ರೆಡಿ ಕಂಪೋಸರ್’ ಆರಿಸಿ. ಕನ್ನಡಕ್ಕೆ ಬೇಕಾದದ್ದನ್ನು ಮೆನುವಿನ ಒಳಮೆನುವಿನಲ್ಲಿ ಬಚ್ಚಿಟ್ಟ ಪುಣ್ಯಾತ್ಮರು ಈ ಕಡೆ ಬಂದವರಲ್ಲ. ಕವಿರಾಜಮಾರ್ಗ ತಿರುಳ್ಗನ್ನಡಕ್ಕೆ ಹೆಸರಿಸಿದ ಪುಲಿಗೆರೆ, ಅಂದರೆ ನಮ್ಮ ಲಕ್ಷ್ಮೇಶ್ವರ, ಇಲ್ಲೇ ಪಕ್ಕದಲ್ಲಿದೆ ಎಂಬುದು ಅವರಿಗೆ ಹೇಗೆ ತಿಳಿಯಬೇಕು?

ಹಂತ 5. ಆಪರೇಟರನ ಬೆರಳುಗಳು. ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ ಹಾಗೇ ಉಳಿದಿರುವುದು ದೊಡ್ಡ ಉಪಕಾರ. ತೊಡಕು ಅರ್ಕಾವತ್ತಿನದು. ‘ಕರ್ನಾಟಕ’ ಬರೆಯುವಾಗ ಹಳೇ ಫೈಲಿನಲ್ಲಿ ‘ನಾ’ ಕೂತ ಮೇಲೆ ಅರ್ಕಾವತ್ತು ಬರುತ್ತಿತ್ತು. ಯುನಿಕೋಡ್‌ನಲ್ಲಿ ರಕಾರವೇ ಮುಂದೆ. ವರ್ಷಗಟ್ಟಲೆ ಹಿಂದಿನಿಂದ ಬಂದದ್ದು ಈಗ ಮುಂದಿನಿಂದ ಬರಬೇಕು. ಅಡ್ಡಮಾತು ಆಡದೆ ಕಾಯಿರಿ.

ತೊಂದರೆ ನಿವಾರಣೆ:

ಶಿರಹಟ್ಟಿಯಿಂದ ಗಿರಾಕಿ ಬಂದು ಹೋದ ವರ್ಷದ ಪೋಸ್ಟರ್ ಹರವಿ, ‘ಇದ ಇರ್ಲಿ, ತಾರೀಖ ಅಷ್ಟ ಬದ್ಲಿ ಮಾಡ್ರಿ’ ಅಂದರೆ: ಹಂತ 3ಕ್ಕೆ ಮರಳಿ.

ಮುಂಡರಗಿಯ ಅಂಗಡಿಯಿಂದ ಪೆನ್‌ಡ್ರೈವ್‌ನಲ್ಲಿ ಪೇಜ್‌ಮೇಕರ್ ಫೈಲೇ ಬಂದರೆ: ಒಂದು ಊರು ಬದಲಾಗಿ ಉಪಯೋಗವಿಲ್ಲ, ಸುತ್ತಲಿನ ಊರುಗಳೆಲ್ಲ ಒಟ್ಟಿಗೆ ಬದಲಾಗಬೇಕು. ಆಗುವ ತನಕ ಹಳೇ ಯಂತ್ರವನ್ನು ಮೂಲೆಯಲ್ಲಿ ಚಾಲೂ ಇಡಿ. ಇಂಟರ್ನೆಟ್ ವೈರ್ ಮಾತ್ರ ಕಿತ್ತುಹಾಕಿ.

‘ಇಷ್ಟೆಲ್ಲಾ ಯಾಕ್ ಬೇಕ್ರೀ?’ ಎಂದು ಆಪರೇಟರ್ ಕೇಳಿದರೆ: ಯುನಿಕೋಡ್‌ನ ಗುಣಗಾನ ಬೇಡ. ನೂರಾರು ಪುಟದ ಪುಸ್ತಕ ತೆರೆದು ‘ಕುಮಾರವ್ಯಾಸ’ ಎಂದು ಹುಡುಕಿ ತೋರಿಸಿ. ಅದೇ ಪಠ್ಯವನ್ನು ವಾಟ್ಸಾಪಿಗೆ ಅಂಟಿಸಿ ಅವರ ಫೋನಿಗೇ ಕಳಿಸಿ. ಈ ಹುಡುಕಾಟ ಹಳೇ ಫೈಲಿನಲ್ಲಿ ಗೂಗಲ್ಲಿಗೂ ಸಾಧ್ಯವಿರಲಿಲ್ಲ. ಬದಲಾವಣೆ ಆಗಲೇಬೇಕಿತ್ತು, ನನಗೆ ಅನುಮಾನವಿಲ್ಲ. ಖರ್ಚನ್ನು ಅಂಗಡಿಯವನ ತಲೆಗೆ ಕಟ್ಟಿದ್ದಷ್ಟೇ ಸರಿಯಲ್ಲ.

ಬಿಲ್ಲು: ಹೊಸ ಕಂಪ್ಯೂಟರಿನಲ್ಲೇ ಟೈಪಿಸಿ ಕೊಡಿ. ಹೊರಡುವ ಮುನ್ನ ಪ್ರಿಂಟರ್ ಡ್ರೈವರ್ ಹಾಕಿದ್ದೀರಾ ನೋಡಿಕೊಳ್ಳಿ.